ಬಿಡಿಯಾಗಿ 12 ವೋಲ್ಟ್, ಲೋಡ್ ಹಾಕಿದರೆ 9.6: ಬೂಸ್ಟ್ ಸರ್ಕ್ಯೂಟ್ ಸರಿಪಡಿಸಿದ ಬಗೆ

ಶಿಡ್ಲಘಟ್ಟದ ಕಡೆಯ ರೇಷ್ಮೆ ಹುಳು ಮನೆಗಳಲ್ಲಿ ರಾತ್ರಿ ಸೊಪ್ಪು ಹಾಕುವ ಹೊತ್ತಿಗೆ ಕರೆಂಟು ಹೋದರೆ ಒಂದು ದೀಪ ಬೇಕೇ ಬೇಕು. ಕೈಯಲ್ಲಿದ್ದದ್ದು ಎಮರ್ಜೆನ್ಸಿ ಲೈಟಿನ 6 ವೋಲ್ಟ್, 4.5 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಮತ್ತು 12 ವೋಲ್ಟಿನ ಎಲ್‌ಇಡಿ ಪಟ್ಟಿ. ಮೀಟರಿಗೆ 4.8 ವ್ಯಾಟ್‌ನ ಪಟ್ಟಿ, 60 ಸೆಂಟಿಮೀಟರ್ ತುಂಡು. ಅಂದರೆ ಸುಮಾರು ಕಾಲು ಆಂಪಿಯರ್. 6 ವೋಲ್ಟನ್ನು 12ಕ್ಕೆ ಏರಿಸುವ ಸರ್ಕ್ಯೂಟ್, ಅಂದರೆ ಬೂಸ್ಟ್ ಸರ್ಕ್ಯೂಟ್ ಬೇಕು. ಅಷ್ಟಕ್ಕೆ ಎಂಸಿ34063 ಐಸಿ ಸಾಕು, ಕಾಯಿಲಿನ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ ಅದರೊಳಗೇ ಇದೆ.

ಕಟ್ಟಿದ್ದು ಹೀಗೆ: 6ನೇ ಪಿನ್ನಿಗೆ ಬ್ಯಾಟರಿ ಪ್ಲಸ್. 6 ಮತ್ತು 7ರ ನಡುವೆ 0.25 ಓಮ್. 7ರಿಂದ 1ನೇ ಪಿನ್ನಿಗೆ 100 ಮೈಕ್ರೋಹೆನ್ರಿ ಕಾಯಿಲ್, 7ರಿಂದ 8ಕ್ಕೆ ಒಂದು ರೆಸಿಸ್ಟರ್. 2 ಮತ್ತು 4 ಗ್ರೌಂಡಿಗೆ. 3ನೇ ಪಿನ್ನಿಗೆ 470 ಪಿಕೋಫ್ಯಾರಡ್. ಇದು ಸುಮಾರು 50 ಕಿಲೋಹರ್ಟ್ಸ್ ಕೊಡುತ್ತದೆ. 1ನೇ ಪಿನ್ನಿನಿಂದ ಡಯೋಡ್ ದಾಟಿ 330 ಮೈಕ್ರೋಫ್ಯಾರಡ್ 25 ವೋಲ್ಟ್ ಕೆಪಾಸಿಟರ್. ಔಟ್‌ಪುಟ್ಟಿನಿಂದ 5ನೇ ಪಿನ್ನಿಗೆ 18 ಕೆ ಮತ್ತು 1 ಕೆ ಸರಣಿಯಲ್ಲಿ, ಅಲ್ಲಿಂದ ಗ್ರೌಂಡಿಗೆ 2.2 ಕೆ. ಐಸಿಯ ಒಳಗಿನ ರೆಫರೆನ್ಸ್ 1.25 ವೋಲ್ಟ್ ಆದ್ದರಿಂದ ಲೆಕ್ಕ 12.05 ವೋಲ್ಟಿಗೆ ಬರುತ್ತದೆ.

ಬಿಡಿಯಾಗಿ ಅಳೆದರೆ ಅಷ್ಟೇ ಬಂತು. ಪಟ್ಟಿ ಹಚ್ಚಿದರೆ ಮಂಕು, ಐಸಿ ಮುಟ್ಟಲಾಗದಷ್ಟು ಬಿಸಿ.

ಮೊದಲು ಪಟ್ಟಿಯನ್ನು ತೆಗೆದಿಟ್ಟೆ. ಅದರಲ್ಲಿ ಮೂರು ಮೂರು ಎಲ್‌ಇಡಿ ಸರಣಿಯಲ್ಲಿರುವುದರಿಂದ ವೋಲ್ಟೇಜ್ ಇಳಿದಂತೆ ಕರೆಂಟೂ ಬೇಗ ಇಳಿಯುತ್ತದೆ; ಸೋತ ಸರ್ಕ್ಯೂಟೂ ಹತ್ತು ವೋಲ್ಟಿನ ಹತ್ತಿರ ನಿಂತು ನಮ್ಮನ್ನು ಏಮಾರಿಸುತ್ತದೆ. ಅದರ ಬದಲು 47 ಓಮ್ 10 ವ್ಯಾಟ್ ಸಿಮೆಂಟ್ ರೆಸಿಸ್ಟರ್ ಹಾಕಿದರೆ 12 ವೋಲ್ಟಿನಲ್ಲಿ 0.255 ಆಂಪಿಯರ್, ಲೆಕ್ಕ ನೇರ. ಆಗ ಸಿಕ್ಕ ಅಳತೆ: ಒಳಗೆ 5.9 ವೋಲ್ಟ್ 0.62 ಆಂಪಿಯರ್, ಹೊರಗೆ 9.6 ವೋಲ್ಟ್. ಒಳಗೆ ಹೋದ 3.66 ವ್ಯಾಟಿನಲ್ಲಿ ಹೊರಬಂದದ್ದು 1.96. ಮಿಕ್ಕಿದ್ದೆಲ್ಲ ಬಿಸಿ.

ಹೊರಗೆ 5.6 ವೋಲ್ಟ್ ಮಾತ್ರ ಬಂದಿದ್ದರೆ ಕಥೆ ಬೇರೆ. ಕಾಯಿಲ್, ಡಯೋಡ್ ಮೂಲಕ ಬ್ಯಾಟರಿ ನೇರವಾಗಿ ಕಾಣುತ್ತಿದೆ, ಸ್ವಿಚಿಂಗ್ ನಡೆಯುತ್ತಲೇ ಇಲ್ಲ ಎಂದರ್ಥ. ಆಸಿಲೋಸ್ಕೋಪ್ ಇಲ್ಲದವರು ಮೀಡಿಯಂ ವೇವ್ ರೇಡಿಯೋ ಒಂದನ್ನು ಕಾಯಿಲಿನ ಪಕ್ಕ ಹಿಡಿದು 600 ಕಿಲೋಹರ್ಟ್ಸ್ ಆಸುಪಾಸು ತಿರುಗಿಸಿ. ಸ್ವಿಚಿಂಗ್ ಇದ್ದರೆ ಗುಂಯ್ ಎನ್ನುತ್ತದೆ. ಮಲ್ಟಿಮೀಟರಿನ ಎಸಿ ರೇಂಜ್ ಇಲ್ಲಿ ನಂಬಬೇಡಿ, ಕಡಿಮೆ ಬೆಲೆಯವು ಕೆಲವು ನೂರು ಹರ್ಟ್ಸ್ ದಾಟಿದರೆ ಸುಳ್ಳು ಹೇಳುತ್ತವೆ.

ಈಗ ಒಂದೊಂದೇ ತಪ್ಪು. ಡಯೋಡ್ ಮೊದಲು: ಡಬ್ಬಿಯಲ್ಲಿ ಸುಲಭಕ್ಕೆ ಸಿಗುವುದು 1ಎನ್4007. ಅದು 50 ಹರ್ಟ್ಸಿನ ಮಾಲು. 20 ಮೈಕ್ರೋಸೆಕೆಂಡಿನ ಸುತ್ತಿನಲ್ಲಿ ಮುಚ್ಚಿಕೊಳ್ಳುವ ಮೊದಲೇ ಕೆಪಾಸಿಟರಿನ ಚಾರ್ಜನ್ನು ಹಿಂದಕ್ಕೆ ಬಿಡುತ್ತದೆ. ಮೀಟರಿನ ಡಯೋಡ್ ರೇಂಜಿನಲ್ಲಿ ಸರಿಯಾಗಿಯೇ ತೋರಿಸುವುದರಿಂದ ಅನುಮಾನ ಬರುವುದಿಲ್ಲ. ಬೇಗ ಮುಚ್ಚಿಕೊಳ್ಳುವ ಶಾಟ್ಕಿ ಡಯೋಡ್ 1ಎನ್5819 ಹಾಕಿದೆ.

ಕಾಯಿಲ್ ಎರಡನೆಯದು, ನನ್ನ ಪ್ರಕಾರ ಹೆಚ್ಚು ಜನ ಎಡವುವ ಜಾಗ. ರೆಸಿಸ್ಟರಿನಂತೆ ಬಣ್ಣದ ಗೆರೆ ಇರುವ 100 ಮೈಕ್ರೋಹೆನ್ರಿಯ ಸಣ್ಣ ಕಾಯಿಲ್ ಕೆಲವು ನೂರು ಮಿಲಿಆಂಪಿಯರಿಗೇ ಸ್ಯಾಚುರೇಟ್ ಆಗುತ್ತದೆ. ಇಲ್ಲಿ ಪೀಕ್ ಕರೆಂಟ್ 1.2 ಆಂಪಿಯರ್. ಸ್ಯಾಚುರೇಟ್ ಆದೊಡನೆ, ಅಂದರೆ ಕಾಯಿಲಿನ ತಿರುಳು ಇನ್ನು ಕಾಂತಶಕ್ತಿ ಹಿಡಿಯದಾದೊಡನೆ, ಅದು ಬರೀ ತಂತಿ. ಕರೆಂಟ್ ನೆಟ್ಟಗೆ ಏರಿ, 0.25 ಓಮಿನಲ್ಲಿ 0.3 ವೋಲ್ಟ್ ಬೀಳುತ್ತಲೇ ಐಸಿ ತನ್ನ ಸ್ವಿಚ್ಚನ್ನು ಆಫ್ ಮಾಡುತ್ತದೆ. ಶಕ್ತಿ ತುಂಬಿಕೊಳ್ಳಲು ಸಮಯವೇ ಸಿಗದು. ಹಾಳಾದ ಕಂಪ್ಯೂಟರ್ ಎಸ್‌ಎಂಪಿಎಸ್‌ನ (ಪವರ್ ಸಪ್ಲೈ ಡಬ್ಬಿಯ) ಹಳದಿ-ಬಿಳಿ ಉಂಗುರ ತೆಗೆದು, ಹಳೆಯ ಸುತ್ತು ಬಿಚ್ಚಿ, 22 ಗೇಜ್ ಎನಾಮೆಲ್ ತಂತಿ 33 ಸುತ್ತು ಹಾಕಿದೆ. ಹೊರವ್ಯಾಸ 27 ಮಿಲಿಮೀಟರ್ ಇದ್ದರೆ ಸುಮಾರು 100 ಮೈಕ್ರೋಹೆನ್ರಿ. ಸಿಎಫ್ಎಲ್ ಬಲ್ಬಿನ ಕಾಯಿಲನ್ನು ಹಾಗೇ ಹಾಕಬೇಡಿ, ಅದು ಮಿಲಿಹೆನ್ರಿ ಲೆಕ್ಕದ್ದು.

ಇವೆರಡರಿಂದ 10.8ಕ್ಕೆ ಬಂತು. ಐಸಿ ಇನ್ನೂ ಬಿಸಿ.

ಉಳಿದದ್ದು 8ನೇ ಪಿನ್ನಿನ ರೆಸಿಸ್ಟರ್. ಡೇಟಾಶೀಟಿನ (ಐಸಿ ತಯಾರಕರ ಮಾಹಿತಿ ಹಾಳೆಯ) ಬೂಸ್ಟ್ ಚಿತ್ರದಲ್ಲಿ 180 ಓಮ್ ಇದೆ, ಎಲ್ಲರೂ ಅದನ್ನೇ ಇಳಿಸಿಕೊಳ್ಳುತ್ತಾರೆ. ಆ ಚಿತ್ರ 12ರಿಂದ 28 ವೋಲ್ಟಿಗೆ. ಅಲ್ಲಿ 180 ಓಮಿನಲ್ಲಿ ಸುಮಾರು 60 ಮಿಲಿಆಂಪಿಯರ್ ಹರಿದು ಸ್ವಿಚ್ ಪೂರ್ತಿ ಆನ್ ಆಗುತ್ತದೆ. ನಮ್ಮ 6 ವೋಲ್ಟಿನಲ್ಲಿ ಅದೇ ರೆಸಿಸ್ಟರ್ ಕೊಡುವುದು 25 ಮಿಲಿಆಂಪಿಯರ್. ಅದರಲ್ಲೂ 7 ಮಿಲಿಆಂಪಿಯರ್ ಐಸಿ ಒಳಗಿನ ರೆಸಿಸ್ಟರ್ ಪಾಲು. ಉಳಿದ 18ರಿಂದ 1.2 ಆಂಪಿಯರ್ ಎಳೆಸಲು ಹೋದರೆ ಸ್ವಿಚ್ ಅರ್ಧಂಬರ್ಧ ಆನ್ ಆಗಿ ಸುಡುತ್ತದೆ. ಪೀಕ್ ಕರೆಂಟಿನ ಇಪ್ಪತ್ತರಲ್ಲಿ ಒಂದು ಭಾಗವಾದರೂ ಸ್ವಿಚ್ಚಿನ ಬೇಸ್‌ಗೆ (ಅದನ್ನು ಆನ್ ಮಾಡುವ ತುದಿಗೆ) ಸಿಗಬೇಕು. 68 ಓಮ್ ಅರ್ಧ ವ್ಯಾಟ್ ಹಾಕಿದೆ. ಹೊರಗೆ 12 ವೋಲ್ಟ್, ಒಳಗೆ 0.70 ಆಂಪಿಯರ್. ಒಳಗೆ ಹೋದ ಶಕ್ತಿಯಲ್ಲಿ ಶೇ. 74 ಹೊರಬಂತು. ಐಸಿ ಬೆಚ್ಚಗಿದೆ, ಅಷ್ಟೇ.

0.25 ಓಮಿಗೆ 1 ಓಮಿನ ನಾಲ್ಕು ಕಾರ್ಬನ್ ರೆಸಿಸ್ಟರ್ ಪ್ಯಾರಲಲ್. ವೈರ್‌ವೌಂಡ್ ಬೇಡ, ಅದೇ ಒಂದು ಸಣ್ಣ ಕಾಯಿಲ್. ಮೀಟರಿನಲ್ಲಿ ಇದನ್ನು ಅಳೆಯಲಾಗದು, ಅದರ ಕಡ್ಡಿಗಳ ತಂತಿಯೇ ಅಷ್ಟಿರುತ್ತದೆ. ಅರ್ಧ ಆಂಪಿಯರ್ ಹರಿಸಿ 125 ಮಿಲಿವೋಲ್ಟ್ ಬರುತ್ತದೆಯೇ ನೋಡಿ. ಬೆಸುಗೆಯಿಲ್ಲದೆ ಸಿಕ್ಕಿಸುವ ಬ್ರೆಡ್‌ಬೋರ್ಡ್ ಬೇಡ ಎನ್ನುವುದೂ ಇದೇ ಕಾರಣಕ್ಕೆ, ಅದರ ಸಂಪರ್ಕಗಳ ರೆಸಿಸ್ಟೆನ್ಸೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಡಾಟ್ ಬೋರ್ಡಿನಲ್ಲಿ, 470 ಮೈಕ್ರೋಫ್ಯಾರಡ್ ಇನ್‌ಪುಟ್ ಕೆಪಾಸಿಟರ್ 6ನೇ ಪಿನ್ನಿಗೆ ಅಂಟಿಕೊಂಡಂತೆ ಬೆಸೆಯಿರಿ.

18 ಕೆ ಅಥವಾ 1 ಕೆ ಬೆಸುಗೆ ಬಿಟ್ಟರೆ 5ನೇ ಪಿನ್ ಸೊನ್ನೆಗಿಳಿದು ವೋಲ್ಟೇಜ್ ಏರುತ್ತಲೇ ಹೋಗುತ್ತದೆ. 25 ವೋಲ್ಟಿನ ಕೆಪಾಸಿಟರ್ ಸಿಡಿಯುತ್ತದೆ. 2.2 ಕೆ ಬಿಟ್ಟರೆ ಅಪಾಯವಿಲ್ಲ, ಔಟ್‌ಪುಟ್ ಇಳಿಯುತ್ತದೆ. ಹಾಗಾಗಿ ಪ್ರಿಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ಹಾಕುವವರು ಕೆಳಗಿನ ಕೈಗೇ, ಅಂದರೆ 2.2 ಕೆ ಇರುವ ಕಡೆಗೇ ಹಾಕಿ.

ಬ್ಯಾಟರಿ ಪ್ಲಸ್ಸಿಗೆ 2 ಆಂಪಿಯರ್ ಫ್ಯೂಸ್ ಕಡ್ಡಾಯ. ಔಟ್‌ಪುಟ್ ಶಾರ್ಟ್ ಆದರೆ ಐಸಿಯಿಂದ ತಡೆಯಲಾಗದು, ದಾರಿ ಕಾಯಿಲ್ ಮತ್ತು ಡಯೋಡ್ ಮೂಲಕ ತೆರೆದೇ ಇದೆ. ಬ್ಯಾಟರಿ 5.4 ವೋಲ್ಟಿಗೆ ಇಳಿದಾಗ ನಿಲ್ಲಿಸಿ. ವೋಲ್ಟೇಜ್ ಇಳಿದಷ್ಟೂ ಈ ಸರ್ಕ್ಯೂಟ್ ಹೆಚ್ಚು ಕರೆಂಟ್ ಎಳೆಯುತ್ತದೆ.

ಲೋಡ್ ಇಲ್ಲದಾಗ ಸಣ್ಣಗೆ ಕಿರುಗುಟ್ಟಿದರೆ ಅದು ದೋಷವಲ್ಲ. ಬೇಡದಿದ್ದಾಗ ಐಸಿ ಸುತ್ತುಗಳನ್ನು ಬಿಟ್ಟು ಬಿಟ್ಟು ನಡೆಯುತ್ತದೆ, ಆ ಲಯ ಕಿವಿಗೆ ಬೀಳುತ್ತದೆ. ಇನ್ನು, ಬೆಳೆ ಮುಗಿದು ಹುಳು ಮನೆಗೆ ಬ್ಲೀಚಿಂಗ್ ಪುಡಿ ಸಿಂಪಡಿಸುವ ಮುನ್ನ ಬೋರ್ಡ್ ಬಿಚ್ಚಿ ಹೊರಗಿಡಿ. ಕ್ಲೋರಿನ್ ತಾಮ್ರವನ್ನು ತಿನ್ನುತ್ತದೆ, 5ನೇ ಪಿನ್ನಿನ ಬೆಸುಗೆಗಳಿಗೆ ವಾರ್ನಿಷ್ ಬಳಿದಿದ್ದರೂ ಸರಿಯೇ.