ಕುಂಟೋದು ನಿಂತ್ರೆ ವಾಸಿ ಆಯ್ತು ಅಂದ್ಕೊಂಡಿದ್ದೆ: ನಮ್ಮ ಚಿನ್ನು ಕಾಲಿನ ಕಥೆ

ಮೊದಲು ಕಣ್ಣಿಗೆ ಬಿದ್ದಿದ್ದು ಕುಂಟು ಅಲ್ವೇ ಅಲ್ಲ, ಒಂಥರಾ ಕುಣಿತ. ನಮ್ಮ ಚಿನ್ನು ಐದು ಕೆಜಿ ಕೂಡ ತೂಗದ ಪುಟಾಣಿ ನಾಯಿ, ನಡ್ಕೊಂಡು ಹೋಗ್ತಾ ಹೋಗ್ತಾ ಇದ್ದಕ್ಕಿದ್ದಂಗೆ ಹಿಂದಿನ ಎಡಗಾಲು ಎತ್ಕೊಂಡು ಮೂರೇ ಕಾಲಲ್ಲಿ ನಾಲ್ಕೈದು ಹೆಜ್ಜೆ ಹಾಕೋದು, ಆಮೇಲೆ ಕಾಲನ್ನ ಒಂದ್ಸಲ ಹಿಂದಕ್ಕೆ ಝಾಡಿಸೋದು, ತಕ್ಷಣ ಏನೂ ಆಗೇ ಇಲ್ವೇನೋ ಅನ್ನೋ ಹಾಗೆ ಬಾಲ ಎತ್ಕೊಂಡು ಹೋಗೋದು. ಅಳು ಇಲ್ಲ, ಕುಂಯ್ ಇಲ್ಲ, ಊಟ ಆಟ ಎಲ್ಲಾ ಸರಿ. ಮಗ ಅದಕ್ಕೆ ಚಿನ್ನು ಡ್ಯಾನ್ಸ್ ಅಂತ ಹೆಸರಿಟ್ಟಿದ್ದ, ನಾವೂ ನಗ್ತಾ ಇದ್ವಿ. ಸುಮಾರು ಎರಡು ತಿಂಗಳು ಹಿಂಗೇ ನಕ್ಕೊಂಡು ಕಳೆದ್ವಿ, ಈಗ ನೆನೆಸ್ಕೊಂಡ್ರೆ ಮುಖ ಎಲ್ಲಿ ಇಟ್ಕೊಳ್ಳೋದು ಗೊತ್ತಾಗಲ್ಲ.

ಆಮೇಲೊಂದು ಸಂಜೆ ಕಾಲಿಂಗ್ ಬೆಲ್ ಆಯ್ತು ಅಂತ ಸೋಫಾ ಮೇಲಿಂದ ಎಗರಿದ್ಲು, ನೆಲಕ್ಕೆ ಬಿದ್ದ ಜಾಗದಲ್ಲೇ ಕಾಲು ಜಾರಿತು, ಒಂದು ಕಿರುಚಾಟ ಕಿರುಚಿದ್ಲು ನೋಡಿ, ಜೀವ ಬಾಯಿಗೆ ಬಂತು. ಓಡಿ ಹೋಗಿ ನೇರ ಆ ಕಾಲನ್ನೇ ಹಿಡ್ಕೊಂಡೆ. ಹೆಬ್ಬೆರಳಿಗೆ ಕಚ್ಚಿದ್ಲು, ರಕ್ತ ಬರೋ ಹಾಗೆ. ಆರು ವರ್ಷದಲ್ಲಿ ಒಂದು ದಿನ ಹಲ್ಲು ತೋರಿಸಿದವಳಲ್ಲ. ತಪ್ಪು ಅವಳದ್ದಲ್ಲ ಬಿಡಿ, ನೋವಲ್ಲಿರೋ ನಾಯಿಗೆ ಯಜಮಾನ ಯಾರು ಬೇರೆಯವರು ಯಾರು ಅಂತ ಇರಲ್ಲ. ಮೊದಲು ಒಂದು ದಪ್ಪ ಟವೆಲ್ ಹೊದಿಸಿ, ತಲೆ ಕಡೆ ಸ್ವಲ್ಪ ಅಡ್ಡ ಇಟ್ಟು, ಇನ್ನೊಬ್ಬರ ಹತ್ರ ಹಿಡ್ಕೊಳ್ಳೋಕೆ ಹೇಳಿ ಆಮೇಲೆ ನೋಡ್ಬೇಕಿತ್ತು. ಎತ್ಕೊಳ್ಳೋವಾಗಲೂ ಅಷ್ಟೇ, ಒಂದು ಕೈ ಎದೆ ಕೆಳಗೆ, ಒಂದು ಕೈ ಹಿಂಭಾಗಕ್ಕೆ, ನೋವಿರೋ ಕಾಲು ನಮ್ಮ ಮೈಗೆ ಒತ್ತದ ಹಾಗೆ ಹೊರಗಡೆ ಬರಬೇಕು. ಕಂಕುಳಿಗೆ ಕೈ ಹಾಕಿ ಮಗು ಎತ್ತಿದ ಹಾಗೆ ಎತ್ತಿದ್ರೆ ಹಿಂದಿನ ಕಾಲು ಜೋತಾಡತ್ತೆ.

ಆಮೇಲೆ ನಮ್ಮನೆಯಲ್ಲಿ ನಡೆದಿದ್ದು ಮಾತ್ರೆ ವಿಚಾರ. ಪಾಪ ನಡುಗ್ತಾ ಇದ್ದಾಳೆ, ನಾವು ತಗೊಳ್ಳೋ ನೋವಿನ ಮಾತ್ರೇಲಿ ಕಾಲು ಭಾಗ ಕೊಟ್ರೆ ಏನಾಗತ್ತೆ ಅಂತ ನಾನು ಡಬ್ಬಿ ತೆಗೆದೇಬಿಟ್ಟಿದ್ದೆ. ನನ್ನ ಹೆಂಡತಿ ಕೈಯಿಂದ ಕಿತ್ಕೊಂಡ್ಳು, "ರೀ, ನಿಮಗೇನು ಬುದ್ಧಿ ಇದ್ಯಾ, ಮೊದಲು ಡಾಕ್ಟ್ರಿಗೆ ಫೋನ್ ಮಾಡಿ" ಅಂತ. ಫೋನಲ್ಲಿ ಡಾಕ್ಟ್ರು ಹೇಳಿದ್ದು ಕೇಳಿ ಕೈಕಾಲು ತಣ್ಣಗಾಯ್ತು. ಐಬುಪ್ರೊಫೆನ್, ಡೈಕ್ಲೋಫೆನಾಕ್ ಇಂಥವು ನಾಯಿಗೆ ಹೊಟ್ಟೇಲಿ ಹುಣ್ಣು, ರಕ್ತಸ್ರಾವ, ಕಿಡ್ನಿ ಹಾಳು ಮಾಡತ್ತೆ, ಪ್ಯಾರಾಸಿಟಮಾಲ್ ಡೋಸ್ ತಪ್ಪಿದ್ರೆ ಲಿವರ್‌ಗೆ ಹೊಡೆಯತ್ತೆ. ಇಷ್ಟು ಸಣ್ಣ ದೇಹಕ್ಕೆ ಕಾಲು ಮಾತ್ರೆನೂ ದೊಡ್ಡದೇ. ಇನ್ನೊಂದು ವಿಷಯ, ಮನೇಲಿ ಒಂದು ಮಾತ್ರೆ ಕೊಟ್ಟುಬಿಟ್ರೆ ಆಮೇಲೆ ಡಾಕ್ಟ್ರು ನಾಯಿಗೆ ಅಂತಲೇ ಇರೋ ನೋವಿನ ಔಷಧ ತಕ್ಷಣ ಕೊಡೋಕೂ ಆಗಲ್ಲ, ಎರಡೂ ಸೇರಿದ್ರೆ ಅಪಾಯ.

ಅವತ್ತೇ ಓಡಿ ಬನ್ನಿ ಅಂತಾರೇನೋ ಅಂದ್ಕೊಂಡ್ರೆ ಡಾಕ್ಟ್ರು ಮೊದಲು ಪ್ರಶ್ನೆ ಕೇಳಿದ್ರು. ಕಾಲು ಜೋತಾಡ್ತಾ ಇದ್ಯಾ, ವಕ್ರ ಆಗಿದ್ಯಾ, ರಕ್ತ ನಿಲ್ತಾ ಇಲ್ವಾ, ಪಾದ ತಣ್ಣಗಿದ್ಯಾ, ಹಿಂದಿನ ಎರಡೂ ಕಾಲು ಎಳೀತಾ ಇದ್ದಾಳಾ, ಉಸಿರಾಟ ಹೇಗಿದೆ ಅಂತ. ಇದ್ರಲ್ಲಿ ಒಂದು ಹೌದಾದ್ರೂ ರಾತ್ರಿ ಹಗಲು ನೋಡದೆ ಹೊರಟುಬಿಡಬೇಕು. ಅದರಲ್ಲೂ ಸಣ್ಣ ಜಾತಿ ನಾಯಿ ಸೋಫಾದಿಂದಲೋ ಕೈಯಿಂದಲೋ ಬಿದ್ದು ಮುಂಗಾಲು ಎತ್ಕೊಂಡ್ರೆ ಬರೀ ಉಳುಕು ಅಂತ ಕೂರಬಾರದಂತೆ, ಮಣಿಕಟ್ಟಿನ ಸ್ವಲ್ಪ ಮೇಲೆ ಮೂಳೆ ಪೆನ್ಸಿಲ್ ಥರ ಸಣ್ಣ ಇರತ್ತೆ, ಲಟಕ್ ಅಂತ ಮುರಿಯತ್ತೆ, ಆ ಜಾಗಕ್ಕೆ ರಕ್ತ ಓಡಾಟ ಕಮ್ಮಿ ಇರೋದ್ರಿಂದ ಕೂಡ್ಕೊಳ್ಳೋದೂ ಕಷ್ಟ. ಮನೇಲೇ ಸ್ಕೇಲು ಕಡ್ಡಿ ಇಟ್ಟು ಕಟ್ಟೋ ಸಾಹಸ ಬೇಡ, ಗಟ್ಟಿ ಡಬ್ಬದಲ್ಲಿ ಬಟ್ಟೆ ಹಾಸಿ ಮಲಗಿಸ್ಕೊಂಡು ಹೋಗಿ ಅಂದ್ರು.

ನಮ್ಮ ಚಿನ್ನುಗೆ ಇವ್ಯಾವೂ ಇರಲಿಲ್ಲ, ಕಾಲ್ಬೆರಳ ತುದಿ ಮಾತ್ರ ನೆಲಕ್ಕೆ ತಾಗಿಸಿ ನಿಲ್ತಿದ್ಲು. ಬೆಳಿಗ್ಗೆ ಕರ್ಕೊಂಡು ಬನ್ನಿ, ಅಲ್ಲಿವರೆಗೂ ಓಡಾಡೋಕೆ ಬಿಡಬೇಡಿ, ಐಸನ್ನ ಬಟ್ಟೇಲಿ ಸುತ್ತಿ ಹತ್ತು ನಿಮಿಷ ಮಂಡಿಗಿಡಿ ಅಂದ್ರು. ಎರಡು ಸಲ ಇಟ್ವಿ. ಮೊದಲ ಎರಡು ಮೂರು ದಿನ ಐಸೇ, ಬಿಸಿ ಶಾಖ ಬೇಡ, ಊತ ಜಾಸ್ತಿ ಆಗತ್ತೆ. ಎಣ್ಣೆ, ಮುಲಾಮು ಯಾವುದೂ ಹಚ್ಚಬೇಡಿ, ಹೆಂಗಿದ್ರೂ ನೆಕ್ಕತ್ತೆ, ಹೊಟ್ಟೆಗೆ ಹೋಗತ್ತೆ.

ಬೆಳಿಗ್ಗೆ ಕ್ಲಿನಿಕ್‌ಗೆ ಹೋದ್ವಿ, ಅಲ್ಲಿ ನೆಲಕ್ಕೆ ಬಿಟ್ಟಿದ್ದೇ ತಡ ಮಹಾರಾಣಿ ನಾಲ್ಕೂ ಕಾಲು ಊರಿ ಟಕಟಕ ಅಂತ ನಡೆದ್ಲು! ಹೆದರಿಕೇಲಿ ನೋವು ಮರೆತುಹೋಗತ್ತಂತೆ, ಎಷ್ಟೋ ನಾಯಿಗಳು ಡಾಕ್ಟ್ರ ಮುಂದೆ ಕುಂಟೋದೇ ಇಲ್ಲ. ಪುಣ್ಯಕ್ಕೆ ಮಗನ ಫೋನಲ್ಲಿ ಆ ಹಳೇ ಡ್ಯಾನ್ಸ್ ವಿಡಿಯೋಗಳಿದ್ವು, ತಮಾಷೆಗೆ ಅಂತ ಸ್ಲೋ ಮೋಷನ್‌ನಲ್ಲೂ ತೆಗೆದಿದ್ದ. ಡಾಕ್ಟ್ರು ಅದನ್ನ ನಾಲ್ಕು ಸಲ ನೋಡಿದ್ರು, ಚಿನ್ನುನ ಪಕ್ಕಕ್ಕೆ ಮಲಗಿಸಿ ಮಂಡಿ ಮೇಲೆ ಹೆಬ್ಬೆರಳಿಟ್ಟು ಕಾಲನ್ನ ಮೆಲ್ಲಗೆ ಮಡಿಸಿ ಬಿಡಿಸಿದ್ರು, ನನ್ನ ಬೆರಳನ್ನೂ ಅಲ್ಲೇ ಇಡಿಸಿದ್ರು. ಕಡಲೆಕಾಳಿನಷ್ಟು ದೊಡ್ಡದೊಂದು ಗಟ್ಟಿ ವಸ್ತು ಚರ್ಮದ ಕೆಳಗೆ ಒಳಗಡೆಗೆ ಸರ್ರಂತ ಜಾರಿ ವಾಪಸ್ ಬಂದು ಕೂತಿದ್ದು ಬೆರಳಿಗೆ ಗೊತ್ತಾಯ್ತು. ಅದೇ ಮಂಡಿಚಿಪ್ಪು. ತೊಡೆಮೂಳೆ ತುದೀಲಿರೋ ಒಂದು ಕಾಲುವೆಯಲ್ಲಿ ಅದು ಮೇಲೆ ಕೆಳಗೆ ಓಡಾಡಬೇಕು, ಸಣ್ಣ ಜಾತಿಗಳಲ್ಲಿ ಆ ಕಾಲುವೆ ಆಳ ಇಲ್ಲದೆ, ಕಾಲಿನ ಮೂಳೆ ಹೊಂದಿಕೆನೂ ಸರಿ ಇಲ್ಲದೆ ಚಿಪ್ಪು ಪಕ್ಕಕ್ಕೆ ಜಾರತ್ತೆ. ಪೊಮೆರೇನಿಯನ್, ಚಿವಾವಾ, ಯಾರ್ಕ್‌ಶೈರ್ ಟೆರಿಯರ್, ಟಾಯ್ ಪೂಡಲ್ ಇಂಥವಕ್ಕೆ ಇದು ತುಂಬಾ ಸಾಮಾನ್ಯ. ಚಿಪ್ಪು ಜಾರಿದಾಗ ಕಾಲು ಎತ್ಕೊಳ್ಳೋದು, ಝಾಡಿಸಿದಾಗ ಅದು ವಾಪಸ್ ಕೂರೋದು, ಅಷ್ಟೇ ನಮ್ಮ ಡ್ಯಾನ್ಸ್.

ಇದಕ್ಕೆ 1ರಿಂದ 4ರ ತನಕ ಗ್ರೇಡ್ ಇದೆ. 1 ಅಂದ್ರೆ ಡಾಕ್ಟ್ರು ಕೈಯಲ್ಲಿ ತಳ್ಳಿದ್ರೆ ಜಾರತ್ತೆ, ಬಿಟ್ರೆ ತಾನೇ ವಾಪಸ್. 2 ಅಂದ್ರೆ ಅವಾಗವಾಗ ತಾನಾಗೇ ಜಾರೋದು ತಾನಾಗೇ ಕೂರೋದು. 3ರಲ್ಲಿ ಹೆಚ್ಚು ಹೊತ್ತು ಹೊರಗೇ ಇರತ್ತೆ, ತಳ್ಳಿ ಕೂರಿಸಿದ್ರೂ ನಿಲ್ಲಲ್ಲ, 4ರಲ್ಲಿ ಕೈಯಲ್ಲಿ ಕೂರಿಸೋಕೇ ಆಗಲ್ಲ. ಚಿನ್ನುದು 2, ಅದರ ಮೇಲೆ ಬಿದ್ದು ಉಳುಕಿದ್ದು ಬೇರೆ. ಮಂಡಿಯೊಳಗಿನ ಲಿಗಮೆಂಟ್, ಅಂದ್ರೆ ಮೂಳೆಗಳನ್ನ ಹಿಡಿದಿಡೋ ಗಟ್ಟಿ ಪಟ್ಟಿ, ಹರಿದಿದ್ಯಾ ಅಂತ ಕೆಳಗಿನ ಮೂಳೆನ ಮುಂದಕ್ಕೆ ಎಳೆದು ನೋಡಿದ್ರು, ಅಲ್ಲಾಡಲಿಲ್ಲ. ಎಕ್ಸ್‌ರೇನೂ ತೆಗೆದ್ರು, ಸೊಂಟದ ಕೀಲು ಸರಿ ಇತ್ತು. ಒಂದು ವರ್ಷದೊಳಗಿನ ಸಣ್ಣ ಜಾತಿ ಮರಿ ಕುಂಟಿದ್ರೆ ತೊಡೆಮೂಳೆಯ ತಲೆಗೆ ರಕ್ತ ಸಿಗದೆ ಸವೆಯೋ ಕಾಯಿಲೆನೂ ಇರಬಹುದು, ಅದಕ್ಕೇ ಮಂಡಿ ಒಂದನ್ನೇ ನೋಡಿ ಬಿಡಬಾರದು ಅಂದ್ರು.

ಮನೇಲಿ ಹೇಗೆ ಪರೀಕ್ಷೆ ಮಾಡ್ಬೇಕು ಅನ್ನೋದನ್ನೂ ಅವರೇ ಹೇಳ್ಕೊಟ್ಟಿದ್ದು. ಮುಟ್ಟೋಕೆ ಮುಂಚೆ ನೋಡ್ಬೇಕು. ಮುಂಗಾಲು ನೋವಿದ್ರೆ ಆ ಕಾಲು ನೆಲಕ್ಕೆ ತಾಗಿದಾಗ ತಲೆ ಮೇಲಕ್ಕೆ ಹೋಗತ್ತೆ, ಒಳ್ಳೇ ಕಾಲು ಊರಿದಾಗ ತಲೆ ಕೆಳಗೆ ಬರತ್ತೆ, ಸುಮಾರು ಜನ ಇದನ್ನ ಉಲ್ಟಾ ತಿಳ್ಕೊಂಡು ಚೆನ್ನಾಗಿರೋ ಕಾಲು ಒತ್ತಿ ನೋಡ್ತಾ ಕೂತಿರ್ತಾರೆ. ಹಿಂದಿನ ಕಾಲಾದ್ರೆ ನೋವಿರೋ ಕಡೆ ಸೊಂಟ ಮೇಲೇಳತ್ತೆ. ಆಮೇಲೆ ಮುಟ್ಟೋದು, ಅದೂ ಚೆನ್ನಾಗಿರೋ ಕಾಲಿಂದ ಶುರು, ಅವಾಗ ವ್ಯತ್ಯಾಸ ಗೊತ್ತಾಗತ್ತೆ. ಬೆರಳ ಸಂದಿ, ಉಗುರ ಬುಡ, ಪಾದದ ಅಡಿ ಮೆತ್ತೆ, ಅಲ್ಲಿ ಮುಳ್ಳು, ಗಾಜಿನ ಚೂರು, ಮುರಿದ ಉಗುರು, ಗಂಟಾದ ಕೂದಲು ಏನಾದ್ರೂ ಇದ್ಯಾ ನೋಡಿ ಮೇಲಕ್ಕೆ ಒಂದೊಂದೇ ಕೀಲು. ಕಣ್ಣು ಕಾಲಿನ ಮೇಲಲ್ಲ, ನಾಯಿ ಮುಖದ ಮೇಲಿರಬೇಕು. ತುಟಿ ನೆಕ್ಕಿದ್ರೆ, ತಟ್ಟಂತ ತಿರುಗಿದ್ರೆ, ಉಸಿರು ಬಿಗಿ ಹಿಡಿದ್ರೆ ಅಲ್ಲೇ ನಿಲ್ಲಿಸ್ಬೇಕು, ಜಾಗ ಸಿಕ್ತು ಅಂತ ಅರ್ಥ, ಮತ್ತೆ ಮತ್ತೆ ಒತ್ತಿ ಖಾತ್ರಿ ಮಾಡ್ಕೊಳ್ಳೋ ಅಗತ್ಯ ಇಲ್ಲ.

ಈಗ ನನ್ನ ದೊಡ್ಡ ತಪ್ಪಿಗೆ ಬರ್ತೀನಿ. ಡಾಕ್ಟ್ರು ಮೆಲಾಕ್ಸಿಕಾಮ್ ಅನ್ನೋ ದ್ರವ ಔಷಧ ಕೊಟ್ರು, ಸಿರಿಂಜ್ ಮೇಲೆ ನಾಯಿ ತೂಕದ ಗೆರೆಗಳೇ ಇರತ್ತೆ, ಊಟದ ಜೊತೆ ದಿನಕ್ಕೊಂದು ಸಲ, ವಾಂತಿ ಆದ್ರೆ ಕಕ್ಕ ಕಪ್ಪಗೆ ಬಂದ್ರೆ ಕೂಡಲೇ ನಿಲ್ಲಿಸಿ ಫೋನ್ ಮಾಡಿ ಅಂದ್ರು. ಜೊತೆಗೆ ಮೂರು ವಾರ ಪೂರ್ತಿ ರೆಸ್ಟ್. ಮೂರನೇ ದಿನಕ್ಕೆ ಕುಂಟು ಮಾಯ! ನಾನು ಖುಷೀಲಿ, ಪಾಪ ಕಟ್ಟಿಹಾಕಿದ್ದಂಗಿದ್ಯಲ್ಲ ಅಂತ ಐದನೇ ದಿನ ಹಾಲಲ್ಲಿ ಬಿಟ್ಟೆ, ಚೆಂಡು ತಾನೇ ತಗೊಂಡು ಬಂದ್ಲು, ಎರಡೇ ಎರಡು ಸಲ ಎಸೆದೆ. ಎರಡನೇ ಸಲ ತಿರುಗೋವಾಗ ಮತ್ತೆ ಅದೇ ಕಿರುಚು. ಕಾಲು ಮೊದಲಿಗಿಂತ ಮೇಲಕ್ಕೆ ಎತ್ಕೊಂಡು ಮೂಲೇಲಿ ಹೋಗಿ ಕೂತ್ಲು, ನನ್ನ ಕಡೆ ನೋಡಲೂ ಇಲ್ಲ. ಡಾಕ್ಟ್ರು ಬೈಯಲಿಲ್ಲ, "ನೋವು ಹೋಗಿದ್ದು ಔಷಧದಿಂದ, ಒಳಗಿನ ಗಾಯ ಹಂಗೇ ಇತ್ತು. ನೋವಿದ್ದಾಗ ಅವಳೇ ಹುಷಾರಾಗಿ ಇರ್ತಿದ್ಲು, ನೋವು ನಿಂತ ಮೇಲೆ ಹುಷಾರಾಗಿ ಇರಬೇಕಾಗಿದ್ದು ನೀವು" ಅಂದ್ರು. ಬೈದಿದ್ರೇ ವಾಸಿ ಇತ್ತು. ಮೂರು ವಾರ ಅಂತಿದ್ದಿದ್ದು ಆರು ವಾರ ಆಯ್ತು.

ಈ ಸಲ ಗಟ್ಟಿ ಮನಸ್ಸು ಮಾಡಿದ್ವಿ. ಬೋನು ತರೋಕೆ ಹೆಂಡತಿ ಒಪ್ಪಲಿಲ್ಲ, ಹಳೇ ಊಟದ ಟೇಬಲ್ ಉಲ್ಟಾ ಹಾಕಿ ನಾಲ್ಕು ಕಾಲಿಗೂ ಸುತ್ತ ನೆಟ್ ಕಟ್ಟಿದ್ವಿ, ಒಳಗೆ ಜಾರದ ರಬ್ಬರ್ ಮ್ಯಾಟು, ಅದರ ಮೇಲೆ ತೆಳು ಹಾಸಿಗೆ. ದಪ್ಪ ಮೆತ್ತೆ ಬೇಡ, ಅದರ ಮೇಲೆ ಹೆಜ್ಜೆ ತಿರುಚ್ಕೊಳತ್ತೆ. ತಿರುಗೋಕೆ, ಕಾಲು ಚಾಚಿ ಮಲಗೋಕೆ ಜಾಗ ಇದ್ರೆ ಸಾಕು, ಓಡೋಕೆ ಜಾಗ ಇರಬಾರದು. ಟಾಯ್ಲೆಟ್‌ಗೆ ಎತ್ಕೊಂಡು ಹೋಗಿ ಬೆಲ್ಟ್ ಹಾಕಿನೇ ಬಿಡೋದು, ಮೊದಲ ವಾರ ಹೊಟ್ಟೆ ಕೆಳಗೆ ಉದ್ದ ಟವೆಲ್ ಹಾಕಿ ತೊಟ್ಟಿಲ ಥರ ಎತ್ತಿ ಹಿಡಿದಿದ್ದೆ, ಹಿಂಭಾಗದ ಭಾರ ನನ್ನ ಕೈ ಮೇಲೆ. ಮೊದಲ ಎರಡು ದಿನ ಅವಳ ಕೂಗಾಟ ಕೇಳೋಕಾಗ್ತಿರಲಿಲ್ಲ. ಆಮೇಲೆ ಊಟನೆಲ್ಲಾ ತಟ್ಟೇಲಿ ಹಾಕೋದು ಬಿಟ್ಟು ಹಳೇ ಬಟ್ಟೆ ಮಡಿಕೆಗಳಲ್ಲಿ ಬಚ್ಚಿಟ್ಟು ಕೊಟ್ಟೆ, ಮೂಗಲ್ಲಿ ಹುಡುಕಿ ಹುಡುಕಿ ತಿಂದು ಸುಸ್ತಾಗಿ ನಿದ್ದೆ ಹೋಗೋಳು. ಕಾಲಿಗೆ ಕೆಲಸ ಇಲ್ಲ, ತಲೆಗೆ ಕೆಲಸ ಇದೆ, ಈ ಉಪಾಯ ನಿಜವಾಗ್ಲೂ ನಮ್ಮನ್ನ ಉಳಿಸ್ತು.

ಹಾಗೇ ಇನ್ನೊಂದೆರಡು ಕೆಲಸ ಆಯ್ತು. ಉಗುರು ಬೆಳೆದು ನೆಲಕ್ಕೆ ಟಕಟಕ ಅಂತಿತ್ತು, ಕತ್ತರಿಸಿದ್ವಿ. ಪಾದದ ಕೆಳಗೆ ಮೆತ್ತೆಗಳ ಮಧ್ಯೆ ಕೂದಲು ಬೆಳೆದು ಸಾಕ್ಸ್ ಹಾಕ್ಕೊಂಡು ನುಣುಪು ನೆಲದ ಮೇಲೆ ನಡೆದ ಹಾಗಾಗಿತ್ತು, ಅದನ್ನೂ ಟ್ರಿಮ್ ಮಾಡಿದ್ವಿ. ಇಷ್ಟು ದಿನ ನೋಡೇ ಇರಲಿಲ್ಲ. ತೂಕನೂ ಅರ್ಧ ಕೆಜಿ ಜಾಸ್ತಿ ಇತ್ತು, ಅರ್ಧ ಕೆಜಿ ತಾನೇ ಅನ್ನಬೇಡಿ, ಐದು ಕೆಜಿ ನಾಯಿಗೆ ಅದು ಹತ್ತನೇ ಒಂದು ಭಾಗ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಆದ್ರೆ ಕೈ ಆಡಿಸಿದ್ರೆ ಸುಲಭವಾಗಿ ಸಿಗಬೇಕು, ಅದೇ ಅಳತೆ.

ನಾಲ್ಕನೇ ವಾರದಿಂದ ಡಾಕ್ಟ್ರು ಹೇಳಿದ ಮೇಲೆ ನಡಿಗೆ ಶುರು, ದಿನಕ್ಕೆ ಮೂರು ಸಲ ಐದೈದು ನಿಮಿಷ, ಬೆಲ್ಟ್ ಗಿಡ್ಡ ಹಿಡ್ಕೊಂಡು ತೀರಾ ನಿಧಾನ. ನಿಧಾನನೇ ಯಾಕೆ ಅಂದ್ರೆ ಬೇಗ ಹೋದ್ರೆ ನಾಯಿ ಮೂರು ಕಾಲಲ್ಲೇ ಆರಾಮಾಗಿ ಓಡಿಬಿಡತ್ತೆ, ನಿಧಾನಕ್ಕೆ ನಡೆದಾಗ ನಾಲ್ಕನೇ ಕಾಲನ್ನ ಊರಲೇಬೇಕು. ಆಮೇಲೆ ಕೂರೋದು ಏಳೋದು, ಗೋಡೆ ಪಕ್ಕ ನಿಲ್ಲಿಸಿ, ಮಂಡಿ ಹೊರಗೆ ಹೋಗದ ಹಾಗೆ ನೇರ ಕೂರಿಸಿ ಎಬ್ಬಿಸೋದು, ಒಂದು ಸಲಕ್ಕೆ ಐದು. ಟೈಲರ್ ಟೇಪಲ್ಲಿ ಎರಡೂ ತೊಡೆ ಸುತ್ತಳತೆ ವಾರಕ್ಕೊಮ್ಮೆ ಬರೆದಿಟ್ಟೆ. ಶುರುವಲ್ಲಿ ಎಡತೊಡೆ ಒಂದೂವರೆ ಸೆಂಟಿಮೀಟರ್ ಸಣ್ಣ ಇತ್ತು, ಕೂದಲೊಳಗೆ ಅದು ಕಣ್ಣಿಗೆ ಗೊತ್ತೇ ಆಗಿರಲಿಲ್ಲ. ಅಂದ್ರೆ ಆ ಎರಡು ತಿಂಗಳು ನಾವು ನಗ್ತಿದ್ದಾಗಲೇ ಅವಳು ಆ ಕಾಲನ್ನ ಮೆಲ್ಲಗೆ ಬಳಸೋದು ಕಮ್ಮಿ ಮಾಡಿದ್ಲು.

ಆಪರೇಷನ್ ಬೇಕಾ ಅಂತ ಕೇಳಿದ್ವಿ. ಕಾಲುವೆ ಆಳ ಮಾಡೋದು, ಚಿಪ್ಪಿನ ಲಿಗಮೆಂಟ್ ಅಂಟಿಕೊಂಡಿರೋ ಮೂಳೆ ಭಾಗನ ಸ್ವಲ್ಪ ಸರಿಸಿ ಕೂರಿಸೋದು, ಇವೆಲ್ಲಾ ಮಾಡ್ತಾರೆ, 3 ಮತ್ತು 4ರಲ್ಲಿ ಸಾಮಾನ್ಯವಾಗಿ ಅದೇ ದಾರಿ, 2ರಲ್ಲಿ ಎಷ್ಟು ಸಲ ಕುಂಟತ್ತೆ ಅನ್ನೋದರ ಮೇಲೆ ತೀರ್ಮಾನ. ಬಿಟ್ರೆ ವಯಸ್ಸಾದ ಹಾಗೆ ಕೀಲು ಸವೆತ, ಲಿಗಮೆಂಟ್ ಹರಿಯೋದು ಇವುಗಳ ಅಪಾಯನೂ ಇದೆ, ಅದಕ್ಕೇ ಲೆಕ್ಕ ಇಡಿ ಅಂದ್ರು.

ಲೆಕ್ಕ ಇಡ್ತಾ ಇದ್ದೀವಿ. ಸೋಫಾ ಪಕ್ಕ ಇಳಿಜಾರು ಹಲಗೆ ಬಂದಿದೆ, ಅದನ್ನ ಬಳಸೋದು ಕಲಿಸೋಕೆ ಎರಡು ವಾರ ಹಿಡೀತು, ಹಾಲ್ ತುಂಬಾ ಮ್ಯಾಟು. ಕ್ಯಾಲೆಂಡರಲ್ಲಿ ಚಿನ್ನು ಕಾಲು ಎತ್ತಿದ ದಿನಕ್ಕೆ ಮಗ ಕೆಂಪು ಚುಕ್ಕೆ ಇಡ್ತಾನೆ, ಡ್ಯಾನ್ಸ್ ಅನ್ನೋ ಪದ ಮನೇಲಿ ಯಾರೂ ಬಳಸಲ್ಲ. ಮೊದಲ ತಿಂಗಳು ಹನ್ನೊಂದು ಚುಕ್ಕೆ ಇತ್ತು, ಹೋದ ತಿಂಗಳು ಎರಡು. ತೊಡೆ ಸುತ್ತಳತೆಯಲ್ಲಿ ಇನ್ನೂ ಅರ್ಧ ಸೆಂಟಿಮೀಟರ್ ಬಾಕಿ ಇದೆ.