ಟ್ಯಾಪ್ ಇಲ್ಲದೆ ಮೂರು ಸ್ಟಾರ್ಟ್ ಥ್ರೆಡ್: ಹಳೇ ಲೇತ್ ಮೇಲೆ ಪೆನ್ನು ಮಾಡಿದ ನನ್ನ ಅನುಭವ

ಈ ಬೇಸಿಗೆ ಪೂರ್ತಿ ಹಳೇ ಲೇತ್ (ತುಂಡನ್ನು ತಿರುಗಿಸಿ ಕೆತ್ತುವ ಯಂತ್ರ) ಮೇಲೆ ನಾನೇ ಮಾಡಿದ ಶಾಯಿ ಪೆನ್ನನ್ನು ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಕಲಬುರಗಿ ಬಿಸಿಲಲ್ಲಿ ಗಾಡಿ ಮೇಲೆ ಓಡಾಡಿದ್ದೇನೆ. ಒಂದು ಹನಿ ಶಾಯಿ ಅಂಗಿಗೆ ತಾಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕಂದ್ರೆ "ಈ ಲೇತ್ ಮ್ಯಾಲ ಪೆನ್ನು ಆಗಂಗಿಲ್ಲ ಬಿಡೋ ತಮ್ಮಾ, ಮೂರು ಸ್ಟಾರ್ಟಿನ ಟ್ಯಾಪ್ ತರ್ಸು, ಇಲ್ಲಂದ್ರ ಸಿಎನ್‌ಸಿ ಇದ್ದೋರ ಹತ್ರ ಹೋಗು" ಅಂದವರು ಒಬ್ಬಿಬ್ಬರಲ್ಲ. ಟ್ಯಾಪ್ ಅಂದರೆ ತೂತಿನ ಒಳಗೆ ಥ್ರೆಡ್ (ಸ್ಕ್ರೂವಿನ ಸುರುಳಿ ಗೆರೆ) ಕೊರೆಯುವ ಉಪಕರಣ, ಡೈ ಅಂದರೆ ಹೊರಮೈ ಮೇಲೆ ಕೊರೆಯುವುದು. ಮೂರು ಸ್ಟಾರ್ಟ್ ಅಂದರೆ ಒಂದರ ಪಕ್ಕ ಒಂದು ಓಡುವ ಮೂರು ಸುರುಳಿ. ಸಿಎನ್‌ಸಿ ಕಂಪ್ಯೂಟರ್ ನಡೆಸುವ ಯಂತ್ರ. ಆ ಟ್ಯಾಪು, ಡೈ ಎರಡನ್ನೂ ಹೊರದೇಶದಿಂದ ತರಿಸಿದರೆ ಸುಂಕ ಸೇರಿ ಹದಿನೈದಿಪ್ಪತ್ತು ಸಾವಿರ ಆಗುತ್ತಿತ್ತು. ನಾನು ತರಿಸಲಿಲ್ಲ. ಥ್ರೆಡ್ಡನ್ನು ಲೇತ್ ಮೇಲೇ ತೆಗೆದೆ.

ಲೇತ್ ಕಪನೂರ ಇಂಡಸ್ಟ್ರಿಯಲ್ ಏರಿಯಾದಲ್ಲಿ ದಾಲ್ ಮಿಲ್ಲಿನ ಶಾಫ್ಟ್ ರಿಪೇರಿ ಮಾಡುವ ಕಾಕಾ ಒಬ್ಬರದು. ಅವರು ದೊಡ್ಡದು ತಗೊಂಡಾಗ ಈ ನಾಲ್ಕೂವರೆ ಅಡಿಯದು ನಲವತ್ತೈದು ಸಾವಿರದ ಆಸುಪಾಸಿನಲ್ಲಿ ನನಗೆ ಬಂತು. ತ್ರೀ ಫೇಸ್ ಮೋಟರ್ ತೆಗೆದು ಸಿಂಗಲ್ ಫೇಸಿನ ಒಂದು ಎಚ್‌ಪಿ ಹಾಕಿಸಿದ್ದಕ್ಕೆ ಮತ್ತೆ ಏಳೆಂಟು ಸಾವಿರ. ರಾಡ್ ಹಿಡಿಯುವ ತ್ರೀ ಜಾ ಚಕ್ ಸವೆದಿತ್ತು, ಡಯಲ್ ಗೇಜ್ ಇಟ್ಟರೆ 0.15 ಮಿ.ಮೀ. ಔಟ್, ಅಂದರೆ ಸೆಂಟರ್ ತಪ್ಪಿ ತಿರುಗುತ್ತಿತ್ತು. ದಾಲ್ ಮಿಲ್ಲಿಗೆ ಅದು ನಡೆಯುತ್ತದೆ, ಪೆನ್ನಿಗೆ ನಡೆಯಲ್ಲ. ಅದನ್ನು ಹೇಗೆ ದಾಟಿದೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಥ್ರೆಡ್. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

ಕ್ಯಾಪಿಗೆ 13 ಮಿ.ಮೀ., ಪಿಚ್ (ಪಕ್ಕಪಕ್ಕದ ಗೆರೆಗಳ ನಡುವಿನ ದೂರ) 0.8, ಮೂರು ಸ್ಟಾರ್ಟ್, ಅಂದರೆ ಲೀಡ್ (ಒಂದು ಸುತ್ತಿಗೆ ಮುಂದೆ ಹೋಗುವ ದೂರ) 2.4. ಅದೇ ಪಿಚ್ಚಿಗೆ ಸಿಂಗಲ್ ಸ್ಟಾರ್ಟ್ ಹಾಕಿದರೆ 8 ಮಿ.ಮೀ. ಉದ್ದಕ್ಕೆ ಕ್ಯಾಪನ್ನು ಹತ್ತು ಸುತ್ತು ತಿರುಗಿಸಬೇಕು. ಮೂರು ಸ್ಟಾರ್ಟಿಗೆ ಮೂರು ಚಿಲ್ಲರೆ ಸುತ್ತು ಸಾಕು. ನನ್ನ ಲೇತಿನ ಲೀಡ್ ಸ್ಕ್ರೂ, ಅಂದರೆ ಟೂಲನ್ನು ಮುಂದಕ್ಕೆ ಒಯ್ಯುವ ಉದ್ದ ಸ್ಕ್ರೂ, ಇಂಚಿಗೆ ನಾಲ್ಕು ಥ್ರೆಡ್ಡಿನದು, ಸುತ್ತಿಗೆ 6.35 ಮಿ.ಮೀ. 2.4ನ್ನು 6.35ರಿಂದ ಭಾಗಿಸಿ ನೋಡಿ, ಸರಿಯಾಗಿ 127ಕ್ಕೆ 48 ಬರುತ್ತದೆ. ಒಂದು ಕೂದಲೆಳೆಯೂ ವ್ಯತ್ಯಾಸ ಇಲ್ಲ! ಸ್ಪಿಂಡಲ್ (ಚಕ್ಕನ್ನು ತಿರುಗಿಸುವ ದಂಡ) ಕಡೆ 48 ಹಲ್ಲಿನ ಗೇರು, ಲೀಡ್ ಸ್ಕ್ರೂಗೆ 127 ಹಲ್ಲಿನದು, ನಡುವೆ ಎರಡನ್ನೂ ಜೋಡಿಸಲು ಕೈಗೆ ಸಿಕ್ಕ ಐಡ್ಲರ್ ಗೇರು. 127ರದ್ದು ಲೇತಿನ ಜೊತೆ ಬಂದಿರಲಿಲ್ಲ, ಸೋಲಾಪುರದಲ್ಲಿ ಕಟ್ ಮಾಡಿಸಿದೆ, ಎರಡು ಸಾವಿರದ ಒಳಗೆ ಆಯಿತು. ಇಪ್ಪತ್ತು ಸಾವಿರದ ಟ್ಯಾಪಿನ ಬದಲು ಎರಡು ಸಾವಿರದ ಗೇರು, ಇನ್ನೇನು ಬೇಕು ಹೇಳಿ?

ಥ್ರೆಡ್ ತೆಗೆಯುವಾಗ ಮೋಟರ್ ಆಫ್. ಚಕ್ಕನ್ನು ಕೈಯಲ್ಲೇ ತಿರುಗಿಸುತ್ತೇನೆ. ಇಂಚಿನ ಲೀಡ್ ಸ್ಕ್ರೂ ಮೇಲೆ ಮೆಟ್ರಿಕ್ ಥ್ರೆಡ್ ಅಂದಮೇಲೆ ಹಾಫ್ ನಟ್ (ಟೂಲಿನ ಗಾಡಿಯನ್ನು ಲೀಡ್ ಸ್ಕ್ರೂಗೆ ಹಿಡಿಸುವುದು) ಬಿಚ್ಚುವ ಹಾಗಿಲ್ಲ, ಟೂಲ್ ಹೊರಗೆ ಎಳೆದುಕೊಂಡು ಚಕ್ಕನ್ನು ಉಲ್ಟಾ ತಿರುಗಿಸಿ ವಾಪಸ್ ಬರಬೇಕು, ಮತ್ತೆ ಸ್ವಲ್ಪ ಒಳಗೆ ಕೊಟ್ಟು ಮುಂದೆ ಹೋಗಬೇಕು. ಕಾಂಪೌಂಡ್ ಸ್ಲೈಡು (ಟೂಲ್ ಕೂತಿರುವ ಮೇಲಿನ ಸಣ್ಣ ಸ್ಲೈಡು) ಬೆಡ್ಡಿಗೆ, ಅಂದರೆ ಲೇತಿನ ಉದ್ದಕ್ಕೆ, ಸಮಾನಾಂತರ ಇರಲಿ. ಒಂದು ಸ್ಟಾರ್ಟ್ ಪೂರ್ತಿ ಆಳಕ್ಕೆ, ಅಂದರೆ ಅರ್ಧ ಮಿ.ಮೀ.ಗೆ ಒಂದು ಚೂರು ಕಡಿಮೆ, ಮುಗಿದ ಮೇಲೆ ಕಾಂಪೌಂಡನ್ನು 0.8 ಮುಂದೆ ಸರಿಸಿ ಎರಡನೆಯದು, ಮತ್ತೆ 0.8 ಸರಿಸಿ ಮೂರನೆಯದು. ಮೂರಕ್ಕೂ ಟೂಲನ್ನು ಒಳಗೆ ಕೊಡುವ ಕ್ರಾಸ್ ಸ್ಲೈಡ್ ಒಂದೇ ಗೆರೆಗೆ ನಿಲ್ಲಬೇಕು. ಸ್ಲೈಡಿನ ಗೆರೆ ನೋಡಿ 0.8 ಸರಿಸಿದ ಶುರುವಿನ ಪೀಸುಗಳಲ್ಲಿ ಮೂರನೇ ಸ್ಟಾರ್ಟಿನ ಗೋಡೆ ತೆಳ್ಳಗಾಗಿ ಉಗುರು ತಾಗಿದರೆ ಪುಡಿ ಉದುರುತ್ತಿತ್ತು, ಹಳೇ ಸ್ಕ್ರೂಗಳಲ್ಲಿ ಅಷ್ಟು ಸಡಿಲ ಇದ್ದೇ ಇರುತ್ತದೆ. ಡಯಲ್ ಗೇಜ್ ಇಟ್ಟು ಸರಿಸಿ, ಯಾವಾಗಲೂ ಒಂದೇ ದಿಕ್ಕಿಗೆ ಸರಿಸಿ. ಕ್ಯಾಪಿನ ಒಳಗಿನ ಥ್ರೆಡ್ಡಿಗೆ 12.2 ಬೋರ್ (ಒಳ ವ್ಯಾಸ), ಟೂಲು ಮುರಿದ ಡ್ರಿಲ್ಲಿನ ಹಿಡಿಯಿಂದ ಉಜ್ಜಿ ಮಾಡಿದ್ದು. ಆ ಟೂಲಿನ ಮೂಗನ್ನು ಎಷ್ಟು ಕೋನಕ್ಕೆ ಉಜ್ಜುತ್ತೇನೆ ಅನ್ನೋದು ಸದ್ಯಕ್ಕೆ ನನ್ನ ಹತ್ರನೇ ಇರಲಿ.

ರಾಡಿನ ವಿಷಯ. ಶುರು ಮಾಡಿದ್ದು ಅಕ್ರಿಲಿಕ್ಕಿನಲ್ಲಿ, ನೋಡಲು ಚೆಂದ ಅಂತ. ಡ್ರಿಲ್ ಒಳಗೆ ಹೋದಷ್ಟೂ ಬಿಸಿಯಾಗಿ ಅಕ್ರಿಲಿಕ್ ಕರಗಿ ಡ್ರಿಲ್ಲಿಗೆ ಸುತ್ತಿಕೊಳ್ಳುತ್ತದೆ. ಆಚೆ ಬರುವ ಜಾಗದಲ್ಲಿ ಫಟ್ ಅಂತ ಒಡೆಯುತ್ತದೆ. ಒಂದು ರಾಡಿಗೆ ನಾನೂರು ಐನೂರು ಕೊಟ್ಟು ಹೀಗೆ ಕಳೆದದ್ದು ಎರಡು ಮೂರು ಸಾವಿರ ಇರಬಹುದು. ಸೋಪಿನ ನೀರು, ಸಣ್ಣ ಡ್ರಿಲ್ಲಿನಿಂದ ದೊಡ್ಡದಕ್ಕೆ ಹಂತ ಹಂತವಾಗಿ ಹೋಗೋದು, ಎಲ್ಲಾ ಮಾಡಿದೆ, ಉಪಯೋಗವೂ ಆಯಿತು. ಆದರೂ ಎಬೋನೈಟ್ ಹಿಡಿದ ಮೇಲೆ ವಾಪಸ್ ಹೋಗುವ ಮನಸ್ಸಾಗಲಿಲ್ಲ. ಗಂಧಕ ಹಾಕಿ ಬೇಯಿಸಿದ ರಬ್ಬರ್ ಅದು, ಟರ್ನಿಂಗ್ ಮಾಡುವಾಗ ಕೋಣೆ ತುಂಬಾ ಅದೇ ವಾಸನೆ, ಮನೆಯವರಿಗೆ ಆಗಲ್ಲ. ಆದರೆ ಚೂಪಾದ ಎಚ್ಎಸ್ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್ ಇಟ್ಟರೆ ಉದ್ದುದ್ದ ಕಪ್ಪು ಸುರುಳಿ ಬಿಡುತ್ತಾ ಬರುತ್ತದೆ. ಸುರುಳಿ ನಿಂತು ಪುಡಿ ಬೀಳಲು ಶುರುವಾದರೆ ಟೂಲ್ ಮೊಂಡಾಯಿತು ಅಂತಲೇ ಅರ್ಥ, ಆಗ ನಿಲ್ಲಿಸಿ ಉಜ್ಜಿ. ಎಬೋನೈಟ್ ಟೂಲನ್ನು ಬೇಗ ತಿನ್ನುತ್ತದೆ.

ಚಕ್ ಔಟ್ ಇದ್ದರೂ ಪೆನ್ನು ಸೆಂಟರಿಗೆ ಬಂದದ್ದು, ಕ್ಯಾಪನ್ನು ಒಳಗಿನಿಂದ ಹಿಡಿಯುವ ಮ್ಯಾಂಡ್ರೆಲ್‌ನಿಂದ. ರಾಡನ್ನು ದಪ್ಪಗೇ ಬಿಟ್ಟು ಮೊದಲು ಒಳಗಿನ ಕೆಲಸ ಮುಗಿಸಿ: ಒಂದೇ ಹಿಡಿತದಲ್ಲಿ ಡ್ರಿಲ್, ಬೋರ್, ಥ್ರೆಡ್. ಆಮೇಲೆ ಚಕ್ಕಿಗೆ ಹಿತ್ತಾಳೆ ತುಂಡು ಹಾಕಿ, ಅಲ್ಲೇ ಅದರ ಮೇಲೆ ಹೊಂದುವ ಥ್ರೆಡ್ ತೆಗೆದು, ತುಂಡನ್ನು ಚಕ್ಕಿನಿಂದ ಬಿಚ್ಚದೆ ಕ್ಯಾಪನ್ನು ಅದಕ್ಕೇ ತಿರುಗಿಸಿ ಕೂರಿಸಿ. ಥ್ರೆಡ್ಡಿನ ಹಿಂದೆ ಒಂದು ಭುಜ ಬಿಟ್ಟಿರಿ, ಕ್ಯಾಪಿನ ಬಾಯಿ ಅದಕ್ಕೆ ಒತ್ತಿ ಕೂತರೆ ಅಲುಗಲ್ಲ. ಹಿತ್ತಾಳೆಯನ್ನು ಟರ್ನಿಂಗ್ ಮಾಡಿದ್ದು ಅದೇ ಸ್ಪಿಂಡಲ್ ಮೇಲೆ, ಹಾಗಾಗಿ ಚಕ್ ಎಷ್ಟೇ ಔಟ್ ಇರಲಿ, ಹೊರಮೈ ಒಳಗಿನ ಥ್ರೆಡ್ಡಿಗೆ ಸರಿಯಾಗಿ ಬರುತ್ತದೆ. ಬ್ಯಾರಲಿಗೂ (ಶಾಯಿ ತುಂಬುವ ಉದ್ದ ಭಾಗ) ಇದೇ ಕ್ರಮ. ಇದನ್ನು ತೋರಿಸಿದ ಮೇಲೆ ಕಾಕಾ ಚಕ್ ಬದಲಿಸು ಅನ್ನೋದು ಬಿಟ್ಟರು.

ನಿಬ್ ಯೂನಿಟ್ ಜರ್ಮನಿಯ ಯೋವೋ 6 ನಂಬರಿನದು, ಸಾವಿರದ ಇನ್ನೂರೋ ಮುನ್ನೂರೋ ಕೊಟ್ಟ ನೆನಪು. ಅದರ ಹೌಸಿಂಗ್ (ಹೊರ ಕವಚ) 7.4 ಮಿ.ಮೀ., 0.5 ಪಿಚ್. ಅಷ್ಟು ಸಣ್ಣ ತೂತಿಗೆ ಟ್ಯಾಪೇ ವಾಸಿ, 6.9 ಡ್ರಿಲ್ ಹಾಕಿ ಟ್ಯಾಪ್ ಮಾಡಿ. ನಾನು ಕೊಂಡ ಒಂದೇ ಒಂದು ಟ್ಯಾಪ್ ಅದು.

ನಡುವೆ ಎರಡು ಬೇರೆ ಪ್ರಯೋಗ. ತೊಗರಿ ನಾಡಿನ ಪೆನ್ನು ಅಂತ ತೊಗರಿ ಕಟ್ಟಿಗೆಯನ್ನು ಎಪಾಕ್ಸಿಯಲ್ಲಿ ಹಾಕಿ ರಾಡ್ ಮಾಡಿದೆ. ಒಳಗಿನ ಮೆತ್ತನೆ ತಿರುಳು ಡ್ರಿಲ್ಲಿನ ಜೊತೆಗೇ ಕಿತ್ತು ಬಂತು. ಅದಿನ್ನೂ ಬಾಕಿ ಇದೆ. ಇನ್ನೊಂದು ಗೆದ್ದಿದೆ: ಕ್ಯಾಪಿಗೆ ಬಿದರಿ ಉಂಗುರ. ಬೀದರಿನ ಕಸುಬುದಾರರೊಬ್ಬರು ಸತು ಜಾಸ್ತಿ, ತಾಮ್ರ ಸ್ವಲ್ಪ ಸೇರಿಸಿ ಎರಕ ಹೊಯ್ದು ಕೊಟ್ಟರು, ನಾನು ಅಳತೆಗೆ ಟರ್ನಿಂಗ್ ಮಾಡಿ ವಾಪಸ್ ಕೊಟ್ಟೆ, ಅವರು ಬೆಳ್ಳಿ ತಂತಿ ಕೂರಿಸಿ ಕೋಟೆ ಮಣ್ಣು, ನವಸಾಗರ ಹಾಕಿ ಕಪ್ಪು ಮಾಡಿದರು. ಆ ಲೋಹ ಗಟ್ಟಿ ಅನ್ನಿಸಿದರೂ ಪೆಡಸು, ತೆಳ್ಳಗೆ ಮಾಡಿದರೆ ಒಡೆಯುತ್ತದೆ, 1.5 ಮಿ.ಮೀ.ಗಿಂತ ಕೆಳಗೆ ಹೋಗಬೇಡಿ. ಕಪ್ಪು ಮಾಡುವಾಗ ಬಿಸಿ ತಾಗುತ್ತದೆ, ಆದ್ದರಿಂದ ಉಂಗುರ ಪೂರ್ತಿ ತಯಾರಾದ ಮೇಲೇ ಪೆನ್ನಿಗೆ ಅಂಟಿಸಬೇಕು. ಸತುವಿಗೆ ಶಾಯಿ ತಾಗದ ಜಾಗ ನೋಡಿಕೊಳ್ಳಿ. ಎಬೋನೈಟಿನ ಗಂಧಕಕ್ಕೆ ಬೆಳ್ಳಿ ನಿಧಾನವಾಗಿ ಮಂಕಾಗುತ್ತದೆ, ಆಗಾಗ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಮತ್ತೆ ಹೊಳೆಯುತ್ತದೆ.

ಇನ್ನು ಬಿಸಿಲು. ಬ್ಯಾರಲಿಗೆ ನೇರ ಶಾಯಿ ತುಂಬುವ ಪೆನ್ನು ನಮ್ಮ ಊರಲ್ಲಿ ಮೇ ತಿಂಗಳಲ್ಲಿ ಕಾರುತ್ತದೆ. ಶಾಯಿ ಕಾಲು ಭಾಗಕ್ಕೆ ಇಳಿದಾಗ ಒಳಗಿನ ಗಾಳಿ ಹಿಗ್ಗಿ ನಿಬ್ಬಿನಿಂದ ದಪ್ಪ ಹನಿ ಬೀಳುತ್ತದೆ. ಬ್ಯಾರಲ್ ಬೋರ್ 10ರಿಂದ 8.5ಕ್ಕೆ ಇಳಿಸಿ ಗೋಡೆ ದಪ್ಪ ಮಾಡಿದೆ, ಸೆಕ್ಷನ್ (ಬೆರಳಲ್ಲಿ ಹಿಡಿಯುವ ಭಾಗ) ಥ್ರೆಡ್ಡಿಗೆ ಸಿಲಿಕೋನ್ ಗ್ರೀಸ್ ಹಚ್ಚಿದೆ. ಶಾಯಿ ತುಂಬಿ ಮಾಳಿಗೆ ಮೇಲೆ ಬಿಸಿಲಲ್ಲಿ ಇಟ್ಟು ಕೆಳಗೆ ಟಿಶ್ಯೂ ಹಾಸಿ ನೋಡಿದೆ, ಟಿಶ್ಯೂ ಬೆಳ್ಳಗೇ ಉಳಿಯಿತು. ಕಾಲು ಭಾಗಕ್ಕೆ ಇಳಿಯುವ ಮೊದಲೇ ತುಂಬಿಸಿಬಿಡಿ, ಅಷ್ಟೇ.

ಪಾಲಿಶ್ 400ರಿಂದ 2000 ನಂಬರಿನವರೆಗೆ ನೀರು ಕಾಗದ (ನೀರು ಹಚ್ಚಿ ಉಜ್ಜುವ ಸ್ಯಾಂಡ್ ಪೇಪರ್), ಆಮೇಲೆ ಬ್ರಾಸೋ. ಕೊನೆಗೆ ಒಂದು ಎಣ್ಣೆ ಹಚ್ಚುತ್ತೇನೆ, ಹೆಸರು ಹೇಳಲ್ಲ.

ಈಗ ಉಂಗುರ ಇಲ್ಲದ ಒಂದು ಪೆನ್ನಿಗೆ ನಿಬ್ ಸೇರಿ ಸಾವಿರದ ಎಂಟುನೂರರ ಹತ್ತಿರ ಖರ್ಚು ಬೀಳುತ್ತದೆ. ಕೋರ್ಟಿನ ವಕೀಲರೊಬ್ಬರು ಮೂರೂವರೆ ಸಾವಿರ ಕೊಟ್ಟು ಒಂದು ತಗೊಂಡು, ಇನ್ನೊಂದಕ್ಕೆ ಅಡ್ವಾನ್ಸ್ ಕೊಟ್ಟಿದ್ದಾರೆ. ಅವರ ಕೈ ದೊಡ್ಡದು, 14 ಮಿ.ಮೀ. ಥ್ರೆಡ್ ಬೇಕು. ಲೀಡ್ ಅದೇ, ಗೇರೂ ಅದೇ 48, 127. ನೋಡಬೇಕು ಅನ್ನುವವರು ಭಾನುವಾರ ಬನ್ನಿ, ಲೇತ್ ಖಾಲಿ ಇರುತ್ತದೆ, ರಾಡ್ ಮಾತ್ರ ನಿಮ್ಮದೇ ತನ್ನಿ.