ಕೋಪನ್‌ಹೇಗನ್‌ನಲ್ಲಿ ಬೆಂಗಳೂರಿನ ಟೈಮು

ಬೆಳಿಗ್ಗೆ ಆರೂವರೆ. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಊರಿಂದ ತಂದ ಸ್ಟೀಲ್ ಲೋಟದಲ್ಲಿ ಕಾಫಿ. ಸ್ಕ್ರೀನ್‌ನಲ್ಲಿ ಬೆಂಗಳೂರಿನ ನನ್ನ ತಂಡ. ಅವರಿಗೆ ಆಗ ಹತ್ತು ಗಂಟೆ. ಕಿಟಕಿಯಾಚೆ ಸೂರ್ಯ ಹುಟ್ಟಿ ಆಗಲೇ ಎರಡು ಗಂಟೆ ದಾಟಿತ್ತು. ಮಧ್ಯಾಹ್ನ ಮೂರಕ್ಕೆ ಕೆಲಸ ಮುಗಿಸಿದರೆ ಸೂರ್ಯ ಮುಳುಗೋದಕ್ಕೆ ಇನ್ನೂ ಏಳು ಗಂಟೆ ಬಾಕಿ. ಜೂನ್ ಕೊನೆಯಲ್ಲಿ ಡೆನ್ಮಾರ್ಕ್‌ನ ರಾಜಧಾನಿ ಕೋಪನ್‌ಹೇಗನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಹೊತ್ತಿಗೆ. ಊರು ಸುತ್ತೋಕೆ, ಸಂಗೀತ ಕೇಳೋಕೆ ಆ ಏಳು ಗಂಟೆ ಸಿಗಲಿ ಅಂತಲೇ ನಾನು ನಾಲ್ಕು ವಾರ ಕೋಳಿಗಿಂತ ಮುಂಚೆ ಎದ್ದೆ.

ನಾನು ಶಿವಮೊಗ್ಗದವಳು. ಹದಿನಾಲ್ಕು ವರ್ಷದಿಂದ ಡಬ್ಲಿನ್‌ನಲ್ಲಿದ್ದೇನೆ. ಈಗ ಐರ್ಲೆಂಡಿನ ಪಾಸ್‌ಪೋರ್ಟ್ ಇರುವುದರಿಂದ ಡೆನ್ಮಾರ್ಕ್‌ಗೆ ವೀಸಾ ಬೇಕಾಗಲಿಲ್ಲ. ಆದರೂ ಆಫೀಸಿಗೆ ಹೇಳದೆ ಹೋಗಲಿಲ್ಲ. ಬೇರೆ ದೇಶದಲ್ಲಿ ಕೂತು ಕೆಲಸ ಮಾಡಿದರೆ ತೆರಿಗೆ, ವಿಮೆಯ ಪ್ರಶ್ನೆಗಳು ಬರುತ್ತವೆ. ಎಚ್‌ಆರ್‌ನವರು ಎ1 ಅನ್ನುವ ಸರ್ಟಿಫಿಕೇಟ್ ಮಾಡಿಸಿಕೊಟ್ಟರು. ನನ್ನ ಸಾಮಾಜಿಕ ಭದ್ರತೆ ಯಾವ ದೇಶದ್ದು ಅಂತ ತೋರಿಸುವ ಕಾಗದ ಅದು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಟೂರಿಸ್ಟ್ ವೀಸಾದಲ್ಲಿ ಬಂದು ಲ್ಯಾಪ್‌ಟಾಪ್ ತೆರೆಯುವುದು ಬೇರೆಯೇ ಕಥೆ. ಅದನ್ನು ನನ್ನ ಅನುಭವ ನೋಡಿ ಮಾಡಬೇಡಿ, ಮೊದಲು ಕೇಳಿ ತಿಳಿದುಕೊಳ್ಳಿ.

ಡಬ್ಲಿನ್‌ನಲ್ಲಿ ನಾನು ಕೆಲಸ ಶುರು ಮಾಡುವಾಗ ಬೆಂಗಳೂರಿನವರು ಊಟ ಮುಗಿಸಿ ಆಕಳಿಸುತ್ತಾ ಇರುತ್ತಾರೆ. ಈ ನಾಲ್ಕು ವಾರ ಅವರ ಟೈಮಿಗೇ ಬರ್ತೀನಿ ಅಂತ ಮ್ಯಾನೇಜರ್ ಹತ್ತಿರ ಕೇಳಿದೆ. ಆತ ಖುಷಿಯಿಂದಲೇ ಒಪ್ಪಿದ. ಕೋಪನ್‌ಹೇಗನ್‌ಗೂ ಬೆಂಗಳೂರಿಗೂ ಬೇಸಿಗೆಯಲ್ಲಿ ಬರೀ ಮೂರೂವರೆ ಗಂಟೆ ವ್ಯತ್ಯಾಸ. ಬೆಂಗಳೂರಿನ ಹುಡುಗರು ಮಾತ್ರ ಮೊದಲ ದಿನ ಗಾಬರಿಯಾದರು. "ಅಕ್ಕಾ, ನೀವು ಇಷ್ಟು ಬೇಗನಾ?"

ಉಳಿದುಕೊಂಡಿದ್ದು ನೊರೆಬ್ರೊ ಅನ್ನುವ ಬಡಾವಣೆಯಲ್ಲಿ, ಒಬ್ಬ ನರ್ಸ್ ಮನೆಯ ಒಂದು ರೂಮಿನಲ್ಲಿ. ಆಕೆಗೆ ಅರವತ್ತರ ಆಸುಪಾಸು. ಮಳೆಯಿರಲಿ ಗಾಳಿಯಿರಲಿ, ಆಸ್ಪತ್ರೆಗೆ ಸೈಕಲ್ಲೇ. ನಾನು ಹೋದ ದಿನವೇ ಆಕೆ ಹತ್ತಿರದ ಅಂಗಡಿಗೆ ಕರೆದುಕೊಂಡು ಹೋಗಿ ತಿಂಗಳ ಬಾಡಿಗೆಗೆ ಸೈಕಲ್ ಕೊಡಿಸಿದರು. ಕಪ್ಪು ಬಣ್ಣ, ಮುಂದೆ ಬುಟ್ಟಿ, ಹಿಂದಿನ ಚಕ್ರಕ್ಕೆ ಅಂಟಿಕೊಂಡೇ ಇರುವ ಬೀಗ. ಕಡ್ಡಿಗಳ ನಡುವೆ ಕಬ್ಬಿಣದ ಉಂಗುರ ತೂರುತ್ತದೆ, ಕೀಲಿ ಕೈಗೆ ಬರುತ್ತದೆ. ನೋಡೋಕೆ ನಮ್ಮ ತಾತನ ಕಾಲದ ಸೈಕಲ್ ಥರವೇ ಇತ್ತು. ಅದನ್ನು ನೋಡಿಯೇ ನಾನು ಮೋಸ ಹೋದೆ.

ಶಿವಮೊಗ್ಗದಲ್ಲಿ ಗಂಟೆ ಲೆಕ್ಕದ ಬಾಡಿಗೆ ಸೈಕಲ್‌ನಲ್ಲಿ ಒಳಪೆಡಲ್ ಹೊಡೆದು ಕಲಿತವಳು ನಾನು. ಸುಮ್ನೆ ಉರುಳುತ್ತಿರುವಾಗ ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ ಟಿಕಟಿಕ ಸದ್ದು ಮಾಡೋದು ಆಗಿನಿಂದ ಬಂದ ಚಾಳಿ. ಡೆನ್ಮಾರ್ಕ್‌ನ ಬಹಳಷ್ಟು ಸೈಕಲ್‌ಗಳಲ್ಲಿ ಹಿಂದಿನ ಬ್ರೇಕ್ ಇರೋದು ಪೆಡಲ್‌ನಲ್ಲೇ. ಹಿಂದಕ್ಕೆ ತುಳಿದರೆ ಚಕ್ರ ಕಚ್ಚಿಕೊಂಡು ನಿಲ್ಲುತ್ತದೆ. ನನಗೇನು ಗೊತ್ತು? ನೊರೆಬ್ರೊದ ದೊಡ್ಡ ರಸ್ತೆಗೆ ಇಳಿದ ಐದೇ ನಿಮಿಷಕ್ಕೆ, ನನ್ನ ಹಿಂದೆ ಇಪ್ಪತ್ತು ಮೂವತ್ತು ಸೈಕಲ್‌ಗಳು ಬರುತ್ತಿರುವಾಗ, ಆರಾಮಾಗಿ ಪೆಡಲ್ ಹಿಂದಕ್ಕೆ ತಿರುಗಿಸಿದೆ. ಸೈಕಲ್ ಗಕ್ಕನೆ ನಿಂತಿತು, ನಾನು ಮುಂದಿನ ಬುಟ್ಟಿಯ ಮೇಲೆ. ಯಾರೂ ಬೀಳಲಿಲ್ಲ, ಪುಣ್ಯ. ಹಿಂದಿದ್ದ ಒಬ್ಬರು ಪಕ್ಕಕ್ಕೆ ಎಳೆದುಕೊಂಡು ಹೋಗುತ್ತಾ ಏನೋ ಅಂದರು. ಭಾಷೆ ಬರದಿದ್ದರೂ ಬೈಗುಳ ಅಂತ ಗೊತ್ತಾಯಿತು.

ಅವರ ಸಿಟ್ಟಿಗೆ ಕಾರಣವಿತ್ತು. ಅಲ್ಲಿ ನಿಲ್ಲುವ ಮುಂಚೆ ಕೈ ಎತ್ತಬೇಕು. ಕ್ಲಾಸಿನಲ್ಲಿ ಹಾಜರಿ ಕೊಡುವ ಹಾಗೆ ಅಂಗೈ ಮೇಲೆ ಮಾಡಿ ತೋರಿಸಿದರೆ, ಹಿಂದಿನವರು ಹುಷಾರಾಗುತ್ತಾರೆ. ತಿರುಗುವುದಾದರೆ ಆ ಕಡೆಯ ಕೈ ಚಾಚಬೇಕು. ಎಡಕ್ಕೆ ಹೋಗಬೇಕಾದರೆ ಸರ್ಕಲ್ ಮಧ್ಯೆ ನುಗ್ಗುವಂತಿಲ್ಲ. ನೇರವಾಗಿ ಆಚೆ ಬದಿಗೆ ದಾಟಿ, ಮೂಲೆಯಲ್ಲಿ ನಿಂತು, ಅಲ್ಲಿನ ಸಿಗ್ನಲ್ ಹಸಿರಾದ ಮೇಲೆ ಹೊರಡಬೇಕು. ಬಲಗಡೆ ಸಂಚಾರದ ಊರಲ್ಲಿ ಎಡಕ್ಕೆ ತಿರುಗೋದು ಅಂದರೆ ನಮ್ಮೂರಲ್ಲಿ ಬಲಕ್ಕೆ ತಿರುಗಿದ ಹಾಗೆ. ಬಸ್ ನಿಂತು ಜನ ನೇರವಾಗಿ ಸೈಕಲ್ ದಾರಿಗೆ ಇಳಿಯುತ್ತಿದ್ದರೆ ನೀವು ನಿಲ್ಲಬೇಕು. ಇದನ್ನೂ ನಾನು ಬೈಸಿಕೊಂಡೇ ಕಲಿತೆ. ಕೈಯಲ್ಲಿ ಫೋನ್ ಹಿಡಿದು ತುಳಿದರೆ ಸಾವಿರ ಕ್ರೋನರ್ ದಂಡ. ನಮ್ಮ ಲೆಕ್ಕದಲ್ಲಿ ಹನ್ನೆರಡು ಸಾವಿರ ರೂಪಾಯಿಗೂ ಜಾಸ್ತಿ. ಹಾಗಾಗಿ ಮ್ಯಾಪ್ ನೋಡಬೇಕಾದಾಗಲೆಲ್ಲ ಕೈ ಎತ್ತಿ, ಬದಿಗೆ ಬಂದು, ಇಳಿದು, ಆಮೇಲೆ ನೋಡುತ್ತಿದ್ದೆ.

ಇಷ್ಟೆಲ್ಲ ನಿಯಮ ಕೇಳಿ ಹೆದರಬೇಡಿ. ಒಂದು ವಾರಕ್ಕೆ ಮೈಗೆ ಹತ್ತಿಬಿಡುತ್ತದೆ. ಸೈಕಲ್ ದಾರಿ ಅಂದರೆ ಅಲ್ಲಿ ರಸ್ತೆಯ ಮೇಲೆ ಬಳಿದ ಬಣ್ಣವಲ್ಲ. ಕಾರಿನ ರಸ್ತೆಗಿಂತ ಒಂದು ಮೆಟ್ಟಿಲು ಎತ್ತರ, ಫುಟ್‌ಪಾತ್‌ಗಿಂತ ಒಂದು ಮೆಟ್ಟಿಲು ತಗ್ಗು. ನೊರೆಬ್ರೊ ರಸ್ತೆಯಲ್ಲಿ ಬೆಳಗಿನ ಹೊತ್ತು ಪೇಟೆ ಕಡೆಗೆ ಗಂಟೆಗೆ ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ತುಳಿದರೆ ಸಿಗ್ನಲ್‌ಗಳು ಒಂದರ ಹಿಂದೊಂದು ಹಸಿರಾಗುತ್ತಾ ಹೋಗುತ್ತವೆ. ಸೈಕಲ್ ವೇಗಕ್ಕೇ ಹೊಂದಿಸಿಟ್ಟಿದ್ದಾರೆ. ಒಂದು ಶನಿವಾರ ಬೆಳಿಗ್ಗೆ ನಾನೂ ಪ್ರಯತ್ನಿಸಿದೆ. ಮೂರನೇ ಸಿಗ್ನಲ್‌ಗೆ ನನ್ನ ಉಸಿರು ಕೈಕೊಟ್ಟಿತು.

ಇದೆಲ್ಲ ಇವರಿಗೆ ಮೊದಲಿಂದ ಇತ್ತಾ ಅಂತ ಮನೆಯೊಡತಿಯನ್ನು ಕೇಳಿದೆ. ಇಲ್ಲವಂತೆ. 1973ರ ತೈಲ ಬಿಕ್ಕಟ್ಟಿನಲ್ಲಿ ಭಾನುವಾರ ಕಾರು ಓಡಿಸುವಂತಿರಲಿಲ್ಲ. ಆಗ ಆಕೆ ಎಂಟು ವರ್ಷದ ಹುಡುಗಿ, ಹೆದ್ದಾರಿಯ ಮಧ್ಯದಲ್ಲೇ ಅಪ್ಪನ ಜೊತೆ ನಡೆದಿದ್ದರಂತೆ. ಅದಕ್ಕೂ ಮುಂಚೆ ಊರನ್ನು ಕಾರುಗಳಿಗೇ ಬಿಟ್ಟುಕೊಟ್ಟಿದ್ದರು. ಆಮೇಲೆ ಸೈಕಲ್‌ನವರು ಬೀದಿಗಿಳಿದು ಗಲಾಟೆ ಮಾಡಿ ದಾರಿ ಪಡೆದರು. "ಸುಮ್ಮನೆ ಯಾರೂ ಕೊಡಲಿಲ್ಲ" ಅಂದರು ಆಕೆ, ಆಲೂಗೆಡ್ಡೆ ಸುಲಿಯುತ್ತಾ.

ಕೆಲಸದ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಮೀಟಿಂಗ್‌ಗಳೆಲ್ಲ ಬೆಳಿಗ್ಗೆ ಹತ್ತರೊಳಗೆ, ಅಡುಗೆಮನೆಯಲ್ಲೇ. ಆಮೇಲೆ ಮಾತಿಲ್ಲದ ಕೆಲಸಕ್ಕೆ ಲ್ಯಾಪ್‌ಟಾಪ್ ಬುಟ್ಟಿಗೆ ಹಾಕಿಕೊಂಡು ರಾಯಲ್ ಲೈಬ್ರರಿಗೆ ಹೋಗುತ್ತಿದ್ದೆ. ಬಂದರಿನ ನೀರಿಗೆ ಬಾಗಿದ ಹಾಗಿರುವ ಕಪ್ಪು ಗ್ರಾನೈಟ್ ಕಟ್ಟಡ, 1999ರದ್ದು. ಅಲ್ಲಿಯವರು ಅದನ್ನು ಕಪ್ಪು ವಜ್ರ ಅಂತ ಕರೆಯುತ್ತಾರೆ. ಒಳಗೆ ಹೋಗಿ ಕೂರೋಕೆ ದುಡ್ಡಿಲ್ಲ. ಕೆಫೆಯಲ್ಲಾದರೆ ಒಂದು ಕಾಫಿಗೆ ನಲವತ್ತು ಕ್ರೋನರ್ ಆಸುಪಾಸು, ಅಂದರೆ ಐನೂರು ರೂಪಾಯಿ. ಎರಡು ದಿನ ಕುಡಿದೆ, ಮೂರನೇ ದಿನದಿಂದ ಫ್ಲಾಸ್ಕ್. ಮೂರಕ್ಕೆ ಕೆಲಸ ಮುಗಿಸಿ ಅಮ್ಮನಿಗೆ ವಿಡಿಯೋ ಕಾಲ್. ಅಲ್ಲಿ ದೀಪ ಹಚ್ಚುವ ಹೊತ್ತು. "ಈ ವಯಸ್ಸಲ್ಲಿ ಸೈಕಲ್ಲಾ? ಬಿದ್ದು ಕೈಕಾಲು ಮುರಕೊಂಡ್ರೆ ನೋಡೋರ್ಯಾರೇ?" ಅಂತ ದಿನಾ ಒಂದೇ ಪ್ರಶ್ನೆ.

ಸಂಗೀತಕ್ಕೆ ನಾನು ಹಾಕಿಕೊಂಡಿದ್ದ ಲೆಕ್ಕ ಬೇರೆ, ಆಗಿದ್ದೇ ಬೇರೆ. ಜುಲೈನ ಮೊದಲ ಶುಕ್ರವಾರದಿಂದ ಹತ್ತು ದಿನ ಕೋಪನ್‌ಹೇಗನ್ ಜಾಝ್ ಫೆಸ್ಟಿವಲ್ ನಡೆಯುತ್ತದೆ. 1979ರಲ್ಲಿ ಶುರುವಾದದ್ದು. ಊರಿನ ನೂರಕ್ಕೂ ಹೆಚ್ಚು ಜಾಗಗಳಲ್ಲಿ ಸಾವಿರಕ್ಕೂ ಮೀರಿದ ಕಛೇರಿಗಳು. ನಾನು ಡಬ್ಲಿನ್‌ನಿಂದ ಹೊರಡುವ ಮೊದಲೇ ಎಕ್ಸೆಲ್ ಶೀಟ್ ಮಾಡಿಕೊಂಡಿದ್ದೆ: ಯಾವ ದಿನ, ಎಲ್ಲಿ, ಎಷ್ಟು ದೂರ ಎಲ್ಲ ಬರೆದು. ಎರಡನೇ ದಿನವೇ ಅದನ್ನು ಮುಚ್ಚಿಟ್ಟೆ. ಸೈಕಲ್ ಇರುವಾಗ ಶೀಟ್ ಯಾಕೆ? ಯಾವುದೋ ತಿರುವಿನಲ್ಲಿ ಸ್ಯಾಕ್ಸೊಫೋನ್ ಕೇಳಿಸುತ್ತದೆ, ಕೈ ಎತ್ತಿ ನಿಲ್ಲಿಸುತ್ತೀರಿ, ಬೀಗ ಹಾಕುತ್ತೀರಿ. ಹಿಡಿಸಿದರೆ ಒಂದು ಗಂಟೆ, ಇಲ್ಲದಿದ್ದರೆ ಮುಂದಿನ ಚೌಕಕ್ಕೆ. ಬಯಲಲ್ಲಿ ನಡೆಯುವ ಎಷ್ಟೋ ಕಛೇರಿಗಳಿಗೆ ಟಿಕೆಟ್ಟೇ ಇಲ್ಲ. ನಮ್ಮ ಗಣಪತಿ ಪೆಂಡಾಲುಗಳ ಸುತ್ತಾಟ ನೆನಪಾಯಿತು. ಒಂದು ಬೀದಿಯಲ್ಲಿ ಆರ್ಕೆಸ್ಟ್ರಾ, ಇನ್ನೊಂದರಲ್ಲಿ ಹರಿಕಥೆ, ನಾವು ಚಪ್ಪಲಿ ಸವೆಸಿಕೊಂಡು ಎಲ್ಲ ಕಡೆ.

ಕ್ರಿಸ್ಟಿಯಾನ್ಸ್‌ಹಾವ್ನ್‌ನ ಕಾಲುವೆ ಪಕ್ಕದ ಒಂದು ಸಂಜೆ ಚೆನ್ನಾಗಿ ನೆನಪಿದೆ. ಜನ ಕಲ್ಲಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು, ನಾನೂ ಕೂತೆ. ಮೂವರ ತಂಡ: ಪಿಯಾನೊ, ಡ್ರಮ್ಸ್, ನೆಲಕ್ಕೂರಿ ನುಡಿಸುವ ದೊಡ್ಡ ಬೇಸ್. ಬೇಸ್‌ನವರು ಒಬ್ಬರೇ ನುಡಿಸುವ ಸರದಿ ಬಂತು. ಅಷ್ಟರಲ್ಲಿ ಐದು ಗಂಟೆಯಾಯಿತು. ಆ ಪೇಟೆಯ ವೊರ್ ಫ್ರೆಲ್ಸರ್ಸ್ ಚರ್ಚಿನ ಗೋಪುರದ ಗಂಟೆಗಳು ಪ್ರತಿ ಗಂಟೆಗೊಮ್ಮೆ ಒಂದು ಪದ್ಯ ನುಡಿಸುತ್ತವೆ, ಅವು ಶುರುವಾದವು. ಆತ ಕೈ ನಿಲ್ಲಿಸಿ, ತಲೆ ಓರೆ ಮಾಡಿ ಕೇಳಿದರು. ನಾವೆಲ್ಲ ನಕ್ಕೆವು. ಗಂಟೆಗಳು ನಿಂತ ಮೇಲೆ, ಅವು ಬಿಟ್ಟ ಕೊನೆಯ ಸ್ವರವನ್ನೇ ಹಿಡಿದು ಆತ ಮತ್ತೆ ಶುರು ಮಾಡಿದರು. ಮೊದಲು ಒಂದೇ ಸ್ವರ, ಆಮೇಲೆ ಅದರ ಪಕ್ಕದ್ದು, ಆಮೇಲೆ ನಿಧಾನವಾಗಿ ಹಳೆಯ ಹಾಡಿಗೆ ವಾಪಸ್. ನನ್ನ ಬಾಯಿಂದ "ಭೇಷ್" ಅಂತ ಗಟ್ಟಿಯಾಗಿಯೇ ಬಂದುಬಿಟ್ಟಿತು. ಪಕ್ಕದ ಅಜ್ಜ ತಿರುಗಿ ನೋಡಿ ತಲೆಯಾಡಿಸಿದರು. ಜಾಝ್‌ನಲ್ಲಿ ಇದು ನಡೆಯುತ್ತದೆ. ಒಬ್ಬೊಬ್ಬರ ಸರದಿ ಮುಗಿದಾಗಲೂ ಚಪ್ಪಾಳೆ ಬೀಳುತ್ತದೆ, ನಮ್ಮ ತನಿ ಆವರ್ತನದ ಹಾಗೆ.

ಎಲ್ಲ ಕಡೆ ನಡೆಯುವುದಿಲ್ಲ ಅನ್ನುವುದೂ ಗೊತ್ತಾಯಿತು. ಒಂದು ಭಾನುವಾರ ಬಿಸ್ಪೆಬ್ಯರ್ಗ್ ದಿಬ್ಬ ಹತ್ತಿ ಗ್ರುಂಡ್ವಿಗ್ ಚರ್ಚಿಗೆ ಹೋದೆ. ಚಪ್ಪಟೆ ಊರಿನಲ್ಲಿ ಅದೊಂದು ಏರು, ಅರ್ಧ ದಾರಿ ಸೈಕಲ್ ತಳ್ಳಿದೆ. 1921ರಲ್ಲಿ ಕಟ್ಟಲು ಶುರು ಮಾಡಿ 1940ರಲ್ಲಿ ಮುಗಿಸಿದ ಚರ್ಚು. ಅಪ್ಪ ಶುರು ಮಾಡಿದ್ದನ್ನು ಮಗ ಮುಗಿಸಿದ. ಒಳಗೆ ಕಂಬ, ಗೋಡೆ, ಚಾವಣಿ ಎಲ್ಲ ಒಂದೇ ಹಳದಿ ಇಟ್ಟಿಗೆ. ಬಣ್ಣವಿಲ್ಲ, ಚಿತ್ರವಿಲ್ಲ. ಆರ್ಗನ್ ನುಡಿಸುತ್ತಿದ್ದರು. ಒಂದು ಭಾಗ ಮುಗಿದು ಸದ್ದು ಆ ಎತ್ತರದಲ್ಲಿ ಕರಗುತ್ತಿರುವಾಗಲೇ ನಾನು ಚಪ್ಪಾಳೆ ಹೊಡೆದೆ. ಒಬ್ಬಳೇ. ಆ ಇಟ್ಟಿಗೆಗಳು ಆರ್ಗನ್ನನ್ನು ಎಷ್ಟು ಚೆನ್ನಾಗಿ ಪ್ರತಿಧ್ವನಿಸುತ್ತವೋ ಚಪ್ಪಾಳೆಯನ್ನೂ ಅಷ್ಟೇ ಚೆನ್ನಾಗಿ ಪ್ರತಿಧ್ವನಿಸುತ್ತವೆ.

ದುಡ್ಡು ಕೊಟ್ಟು ಕೇಳಿದ್ದು ಎರಡೇ. ಒಂದು, ಟಿವೊಲಿ ಪಾರ್ಕಿನ ಶುಕ್ರವಾರದ ರಾಕ್. ರಾತ್ರಿ ಹತ್ತಕ್ಕೆ ಶುರು, ಪಾರ್ಕಿನ ಟಿಕೆಟ್‌ನಲ್ಲೇ ಸೇರಿದೆ. ಕಿವಿಗೆ ಸ್ವಲ್ಪ ಜಾಸ್ತಿಯಾಯಿತು. ಇನ್ನೊಂದು, ಜಾಝ್‌ಹುಸ್ ಮೊಂಮಾರ್ತ್ರ್ ಅನ್ನುವ ಪುಟ್ಟ ಕ್ಲಬ್. 1960ರ ದಶಕದಲ್ಲಿ ಅಮೆರಿಕದ ಡೆಕ್ಸ್ಟರ್ ಗಾರ್ಡನ್, ಬೆನ್ ವೆಬ್‌ಸ್ಟರ್ ಅಂಥವರು ಈ ಊರಿಗೆ ಬಂದು ವರ್ಷಗಟ್ಟಲೆ ನೆಲೆಸಿ, ಮೊಂಮಾರ್ತ್ರ್‌ನಲ್ಲಿ ನುಡಿಸುತ್ತಿದ್ದರು. ಬೆನ್ ವೆಬ್‌ಸ್ಟರ್ ಸಮಾಧಿ ನೊರೆಬ್ರೊದ ಅಸಿಸ್ಟೆನ್ಸ್ ಸ್ಮಶಾನದಲ್ಲಿದೆ. ನಾನು ದಿನಾ ಅದರ ಹಳದಿ ಗೋಡೆ ಪಕ್ಕದಲ್ಲೇ ಹೋಗುತ್ತಿದ್ದೆ. ಸ್ಮಶಾನ ಅಂದರೆ ನಮ್ಮ ಹಾಗಲ್ಲ, ಜನ ಅಲ್ಲಿ ಹುಲ್ಲಿನ ಮೇಲೆ ಮಲಗಿ ಪುಸ್ತಕ ಓದುತ್ತಾರೆ. ಮೊದಲ ಸಲ ಒಳಗೆ ಹೋಗಿ ಬಂದಾಗ ಮನೆಗೆ ಬಂದು ಸ್ನಾನ ಮಾಡಿದೆ. ಅಮ್ಮನಿಗೆ ಹೇಳಲಿಲ್ಲ.

ಸರಿ ಹೋಗದೆ ಇದ್ದದ್ದು ನಿದ್ದೆ. ಜಾಝ್ ಊರಿನ ಅಸಲಿ ಮಜಾ ಮಧ್ಯರಾತ್ರಿ ಮೇಲೆ. ಅಲ್ಲಿ ಇಲ್ಲಿ ನುಡಿಸಿ ಮುಗಿಸಿದ ಕಲಾವಿದರು ಸಣ್ಣ ಕ್ಲಬ್‌ಗಳಲ್ಲಿ ಸೇರಿ ಯಾರ ಜೊತೆ ಯಾರೋ ನುಡಿಸುತ್ತಾರೆ. ಒಂದು ಮಂಗಳವಾರ ತಡೆಯಲಾರದೆ ಹೋದೆ. ವಾಪಸ್ ಬಂದಾಗ ಎರಡೂವರೆ, ಪೂರ್ವದಲ್ಲಿ ಆಗಲೇ ಬೆಳ್ಳಗಾಗುತ್ತಿತ್ತು. ಕಣ್ಣು ಬಿಟ್ಟಿದ್ದು ಫೋನ್ ಸದ್ದಿಗೆ. "ಅಕ್ಕಾ, ಎಲ್ಲಿದ್ದೀರಾ? ಕ್ಲೈಂಟ್ ಬಂದು ಹತ್ತು ನಿಮಿಷ ಆಯ್ತು." ಕ್ಯಾಮೆರಾ ಆಫ್ ಮಾಡಿ, ಮುಖ ತೊಳೆಯದೆ ಕೂತು ಏನೋ ಹೇಳಿ ಮುಗಿಸಿದೆ. ಆಮೇಲೆ ವಾರದ ದಿನಗಳಲ್ಲಿ ಹತ್ತೂವರೆಗೆ ಮನೆ ಅಂತ ನಿಯಮ ಮಾಡಿಕೊಂಡೆ. ಅಂದರೆ ಎಷ್ಟೋ ಒಳ್ಳೆಯ ರಾತ್ರಿಗಳನ್ನು ಬಿಟ್ಟೆ. ಬೆಂಗಳೂರಿನ ಟೈಮು ಸಂಜೆಯನ್ನು ಕೊಟ್ಟಿತು, ರಾತ್ರಿಯನ್ನು ಕಿತ್ತುಕೊಂಡಿತು. ಮತ್ತೆ ಹೋದರೆ ಫೆಸ್ಟಿವಲ್‌ನ ಹತ್ತು ದಿನ ರಜೆಯನ್ನೇ ಹಾಕುತ್ತೇನೆ.

ಕೊನೆಯ ದಿನ ಸೈಕಲ್ ವಾಪಸ್ ಕೊಡುವಾಗ ಅಂಗಡಿಯವನು ಪೆಡಲ್ ಹಿಂದಕ್ಕೆ ಒತ್ತಿ ಬ್ರೇಕ್ ನೋಡಿದ, ತಲೆಯಾಡಿಸಿದ, ಡಿಪಾಸಿಟ್ ಕೊಟ್ಟ. ಮರುದಿನ ಡಬ್ಲಿನ್‌ನಲ್ಲಿ ಗ್ಯಾರೇಜಿನಿಂದ ನನ್ನ ಹಳೆಯ ಸೈಕಲ್ ತೆಗೆದು ತರಕಾರಿಗೆ ಹೊರಟೆ. ಸಿಗ್ನಲ್ ಕೆಂಪಾಯಿತು. ಕೈ ಎತ್ತಿ, ಅಂಗೈ ತೋರಿಸಿ, ಪೆಡಲನ್ನು ಗಟ್ಟಿಯಾಗಿ ಹಿಂದಕ್ಕೆ ತುಳಿದೆ. ಟಿಕಟಿಕ ಅಂತ ಸದ್ದಾಯಿತು. ಸೈಕಲ್ ತನ್ನ ಪಾಡಿಗೆ ಮುಂದೆ ಹೋಗುತ್ತಲೇ ಇತ್ತು.